ನಾಳಿ ಮೇಸ್ತ್ರಿ

"ಒತ್ತಬ್ಯಾಡ್ರಿ! ಮುರೀತದ! ನಿಮ್ಮ ಕಾಲಿಗಿ ಬೀಳ್ತೇನಿ, ಒತ್ತಬ್ಯಾಡ್ರಿ!"

ಕಸ್ತೂರಿಬಾಯಿ ಕೂಗಿದ ರೀತಿಗೆ ಇಬ್ಬರೂ ಕೈ ತೆಗೆದರು. ಒಬ್ಬ ಶಾಂತಲಿಂಗಪ್ಪನ ತೊಡೆಯನ್ನು ಅದುಮಿ ಹಿಡಿದಿದ್ದ, ಇನ್ನೊಬ್ಬ ಪಾದ ಹಿಡಿದು ಮಡಚಲು ನೋಡುತ್ತಿದ್ದ. ಶಾಂತಲಿಂಗಪ್ಪ ಮಾತ್ರ ಹೊರಸಿನ ಮೇಲೆ ಎರಡೂ ಕಾಲು ನೀಡಿ ನೆಟ್ಟಗೆ ಮಲಗಿದ್ದ. ಬದುಕಿದ್ದಾಗ ಯಾರ ಮಾತಿಗೂ ಎದುರಾಡದ ಮನುಷ್ಯ, ಈಗ ಯಾರ ಮಾತೂ ಕೇಳುತ್ತಿರಲಿಲ್ಲ.

ಲಿಂಗವಂತರ ಮನೆಯಲ್ಲಿ ಸತ್ತವರು ಮಲಗಿಕೊಂಡು ಹೋಗುವುದಿಲ್ಲ. ಪದ್ಮಾಸನ ಹಾಕಿಸಿ, ಅಂಗೈಯಲ್ಲಿ ಲಿಂಗವಿಟ್ಟು, ಹೂವಿನಿಂದ ಸಿಂಗರಿಸಿದ ಚಟ್ಟವಾದ ವಿಮಾನದಲ್ಲಿ ಕೂಡಿಸಿ ಒಯ್ದು, ಕುಣಿಯಲ್ಲೂ ಹಾಗೆಯೇ ಕೂಡಿಸಬೇಕು. ಅದಕ್ಕೇ ಉಸಿರು ನಿಂತ ಕೂಡಲೇ ಕಾಲು ಮಡಚಿ, ಗೋಡೆಯ ಮೊಳೆಗೆ ವಸ್ತ್ರ ಕಟ್ಟಿ ತಲೆ ನಿಲ್ಲಿಸಿಬಿಡುತ್ತಾರೆ. ತಡವಾದರೆ ಮೈ ಸೆಟೆಯುತ್ತದೆ. ಅಫಜಲಪುರದಲ್ಲಿ ಇದು ಯಾರಿಗೂ ಹೇಳಿಕೊಡಬೇಕಾದ ಮಾತಲ್ಲ, ಕಸ್ತೂರಿಬಾಯಿಗೂ ಗೊತ್ತಿದ್ದದ್ದೇ. ಆದರೆ ಆ ಬೆಳಿಗ್ಗೆ ಅವಳು ಗಂಡನನ್ನು ಎಬ್ಬಿಸಲಿಲ್ಲ. ಸೋಮವಾರ, ಅಂಗಡಿಗೆ ರಜೆ. ಡಿಸೆಂಬರಿನ ಥಂಡಿ ಬೇರೆ. ಮಲಗಲಿ ಪಾಪ ಎಂದು ಕೌದಿಯನ್ನು ಕಿವಿಯವರೆಗೆ ಎಳೆದು ಹೊದಿಸಿ, ಮರುದಿನದ ಎಳ್ಳಮಾಸಿಯ, ಎಳ್ಳು ಅಮಾವಾಸ್ಯೆಯ ಹಬ್ಬಕ್ಕೆಂದು ಸಜ್ಜಿ ರೊಟ್ಟಿ ಬಡಿಯಲು ಕೂತಳು. ಓಣಿಯ ಹೆಂಗಸರು ಬಂದು ಹರಟೆ ಶುರುವಿಟ್ಟಾಗ, ಮೆಲ್ಲಕ ಮಾತಾಡ್ರಿ, ಮಲಗ್ಯಾರ ಎಂದು ಗದರಿಸಿಯೂ ಇದ್ದಳು. ಬಿಸಿಲೇರಿದ ಮೇಲೆ ಚಹಾ ತಂದು ಭುಜ ಮುಟ್ಟಿದಾಗ ಗಂಡ ಕಲ್ಲಾಗಿದ್ದ.

ಮೈದೊಳೆಯಲು ಬಂದ ಮುದುಕಿ ಮಾಳಮ್ಮ, "ನಾಳಿತನಾ ಬಿಟ್ರ ಮೈ ತಾನೇ ಸಡ್ಲಾಗ್ತದ ಬೇ" ಎಂದಿದ್ದಳು. ಕಸ್ತೂರಿಬಾಯಿ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಭಾವೋರ, ನಾಳಿ ಮಣ್ಣು ಕೊಡೋಣ್ರಿ. ಒಂದು ರಾತ್ರಿ."

ದೌಲತರಾಯ ಸತ್ತವನ ಅಣ್ಣ. ಘತ್ತರಗಿಯ ಹೊಲದಿಂದ ಓಡಿ ಬಂದಿದ್ದ, ಧೋತರಕ್ಕೆ ಇನ್ನೂ ಕರಿ ಮಣ್ಣು ಮೆತ್ತಿತ್ತು.

"ನಾಳಿ ಎಳ್ಳಮಾಸಿ, ತಂಗಿ. ಹೆಣ ಎತ್ತೋತನಾ ಓಣ್ಯಾಗ ಯಾರೂ ಒಲಿ ಹಚ್ಚಂಗಿಲ್ಲ. ಭಜ್ಜಿ ಮಾಡೋದ್ಯಾವಾಗ, ಹೊಲಕ್ಕ ಎಡಿ ಒಯ್ದು ಚರಗ ಚೆಲ್ಲೋದ್ಯಾವಾಗ? ಮಂದಿ ಬಾಯಿ ಬಿಟ್ಟು ಅನ್ನಾಂಗಿಲ್ಲ, ಮನಸಿನ್ಯಾಗ ಅಂತಾರ. ಹೊತ್ತು ಮುಳುಗೋದ್ರಾಗ ಮುಗೀಬೇಕು."

"ಇಷ್ಟು ದಿನ ಊರಿಗೆಲ್ಲ ನಾಳಿ ಅಂದ ಮನುಷ್ಯಾರಿ ಅವ್ರು. ಅವ್ರಿಗೊಂದು ನಾಳಿ ಕೊಡಾಕ ಆಗಂಗಿಲ್ಲೇನು?"

ಅಂಗಳದಲ್ಲಿ ಕೂತಿದ್ದವರು ತಲೆ ತಗ್ಗಿಸಿದರು.

*

ಶಾಂತಲಿಂಗಪ್ಪನಿಗೆ ಊರವರು ಇಟ್ಟ ಹೆಸರೇ ನಾಳಿ ಮೇಸ್ತ್ರಿ. ಬಸ್‌ಸ್ಟ್ಯಾಂಡಿನ ಹಿಂದೆ ಅವನದೂ ಯಾಕೂಬಸಾಬನದೂ ಸೇರಿ ಒಂದು ಮೋಟರ್‌ಸೈಕಲ್ ರಿಪೇರಿ ಅಂಗಡಿ. ಗಾಡಿ ತಂದವರಿಗೆ ಅವನ ಮೊದಲ ಮಾತು, "ಇವತ್ತು ಬ್ಯಾಡ್ರಿ, ನಾಳಿ ಬರ್ರಿ." ತುಕ್ಕು ಹಿಡಿದ ನಟ್ಟಿಗೆ ಎಣ್ಣೆ ಬಿಟ್ಟು ಸುಮ್ಮನೆ ಕೂಡುತ್ತಿದ್ದ. ಎದುರಿಗೆ ಹೊಸ ಅಂಗಡಿ ಬಂತು. ಅಲ್ಲಿ ಸುತ್ತಿಗೆ, ಉಳಿ ಹಿಡಿದು ಚಹಾ ಕುಡಿಯುವುದರೊಳಗೆ ಬಿಚ್ಚಿ ಕೊಡುತ್ತಿದ್ದರು. ಮುರಿದರೆ ಮುರಿಯಿತು, ಹೊಸದು ಹಾಕಿದರಾಯಿತು. ಗಿರಾಕಿಗಳು ಒಬ್ಬೊಬ್ಬರೇ ರಸ್ತೆ ದಾಟಿದರು. ಕೊನೆಗೆ ಉಳಿದದ್ದು ಯಾರಿಗೂ ಬೇಡವಾದ ಹಳೇ ಗಾಡಿಗಳು.

ಅಂಥದ್ದೊಂದು ಚೌಡಾಪುರದ ಧರ್ಮಣ್ಣನದು. ಅವನ ಅಪ್ಪ ನಿಜಾಮನ ಕಾಲದಲ್ಲಿ ಹೈದರಾಬಾದಿನಿಂದ ತಂದ ಇಂಗ್ಲೆಂಡಿನ ಗಾಡಿ. ದನದ ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ನಿಂತು ಅದರ ಕಾರ್ಬುರೇಟರು ಹಿಡಿದುಬಿಟ್ಟಿತ್ತು. ಎಕ್ಸಿಲರೇಟರ್ ತಿರುಗಿಸಿದಂತೆ ಅದರ ಹೊಟ್ಟೆಯೊಳಗೆ ಮೇಲೆ ಕೆಳಗೆ ಓಡಾಡಬೇಕಾದ ಹಿತ್ತಾಳೆಯ ಸ್ಲೈಡು ಕದಲುತ್ತಿರಲಿಲ್ಲ. ಶಾಂತಲಿಂಗಪ್ಪ ಕಾರ್ಬುರೇಟರು ಬಿಚ್ಚಿ ಮನೆಗೆ ತಂದ. ಚಿಮಣಿ ಎಣ್ಣೆ, ಡೀಸೆಲ್ಲು ಕೂಡಿಸಿ ಡಬ್ಬಿಯಲ್ಲಿ ಅದನ್ನು ಮುಳುಗಿಸಿ ಬಚ್ಚಲಲ್ಲಿ ಇಟ್ಟ. ದಿನಾ ಸಂಜೆ ಅದನ್ನು ಎತ್ತಿ, ಕಸ್ತೂರಿಬಾಯಿ ಸ್ನಾನಕ್ಕೆ ಕಾಯಿಸಿದ ಹಂಡೆಯಿಂದ ಕುದಿನೀರು ತೋಡಿ ಅದರಲ್ಲಿ ಅದ್ದುತ್ತಿದ್ದ. ಆಮೇಲೆ ಬಾಯಿ ಕೆಳಗೆ ಮಾಡಿ ಕಟ್ಟಿಗೆಯ ಮಣೆಯ ಮೇಲೆ ತಟ್ಟುವುದು. ಬರದಿದ್ದರೆ ಮತ್ತೆ ಡಬ್ಬಿಗೆ.

"ಬಚ್ಚಲೆಲ್ಲ ವಾಸನಿ. ಸುತ್ತಿಗಿಲಿಂದ ಒಂದು ಕೊಟ್ರ ಬರಂಗಿಲ್ಲೇನ್ರಿ?" ಎಂದಳು ಕಸ್ತೂರಿಬಾಯಿ.

"ಬರ್ತದ. ತುಂಡಾಗಿ ಬರ್ತದ."

"ಮತ್ತ ಈ ಬಿಸಿನೀರಿನ ಪೂಜಿ ಯಾಕ?"

"ಬಿಸಿ ತಾಕಿದ್ರ ಹೊರಗಿನ ಲೋಹ ಜಾಸ್ತಿ ಹಿಗ್ಗತದ, ಒಳಗಿನ ಹಿತ್ತಾಳಿ ಅಷ್ಟು ಹಿಗ್ಗಂಗಿಲ್ಲ. ನಡುವ ಕೂದಲೆಳಿಯಷ್ಟು ಜಾಗ ಆಗ್ತದ. ಆಗ ಮೆಲ್ಲಕ ತಟ್ಟಬೇಕು, ಕೂಸಿನ ಬೆನ್ನು ತಟ್ಟಿದಂಗ."

ಅವರಿಗೆ ಮಕ್ಕಳಿರಲಿಲ್ಲ. ಕೂಸಿನ ಬೆನ್ನು ಯಾವಾಗ ತಟ್ಟಿದ್ದನೋ ಏನೋ.

ಭಾನುವಾರ ಸಂಜೆಯೂ ತಟ್ಟಿದ. ಬರಲಿಲ್ಲ. ಡಬ್ಬಿಗೆ ಹಾಕಿ, ಕೈ ಒರೆಸಿಕೊಳ್ಳುತ್ತ, "ನಾಳಿ ಬರ್ತದ ನೋಡು" ಎಂದ.

"ನಿಮ್ಮ ನಾಳಿಗಿ ಬೆಂಕಿ ಹಚ್ಲಿ."

ಅವನು ನಕ್ಕು ಹೊರಸಿನ ಮೇಲೆ ಕಾಲು ನೀಡಿದ. ಅವಳು ಅವನಿಗೆ ಆಡಿದ ಕೊನೆಯ ಮಾತು ಅದೇ ಆಯಿತು.

*

ಯಾಕೂಬಸಾಬ ಆಳಂದಕ್ಕೆ ಬೀಗರ ಮನೆಗೆ ಹೋಗಿದ್ದವನು ಮಧ್ಯಾಹ್ನದ ಬಸ್ಸಿಗೆ ಬಂದಿಳಿದ. ಒಳಗೆ ಬಂದು, ಹೊರಸಿನ ಬಳಿ ಸ್ವಲ್ಪ ಹೊತ್ತು ನಿಂತು, ಗೆಳೆಯನ ಮೊಣಕಾಲಿನ ಮೇಲೆ ಕೈಯಿಟ್ಟು ನೋಡಿದ.

"ವೈನಿ, ಹಂಡೇದಾಗ ಬಿಸಿನೀರು ಅದಾವೇನ್ರಿ?"

ಕಸ್ತೂರಿಬಾಯಿಗೆ ತಕ್ಷಣ ತಿಳಿಯಿತು. ಓಡಿಹೋಗಿ, ಮೈದೊಳೆಯಲೆಂದು ಕಾಯಿಸಿದ್ದ ನೀರು ತಂದಳು. ಹಳೇ ಧೋತರ ಹರಿದು, ಕುದಿನೀರಲ್ಲಿ ಅದ್ದಿ, ಹಿಂಡಿ, ಯಾಕೂಬಸಾಬ ಎಡಗಾಲಿಗೆ ಸುತ್ತಿದ. ಆರುವುದರೊಳಗೆ ಬಿಚ್ಚಿ ಮತ್ತೊಂದು ಸುತ್ತಿದ. ನಡುವೆ ಅಂಗೈಯಿಂದ ತಿಕ್ಕುತ್ತ, ಒಂದಿಷ್ಟೇ ಮಡಚಿ, ಬಿಟ್ಟು, ಮತ್ತೆ ಮಡಚುತ್ತಿದ್ದ. ದೌಲತರಾಯ ಬಾಗಿಲ ನೆರಳು ನೋಡುತ್ತ ನಿಂತ. ಬಹಳ ಹೊತ್ತಿನ ಮೇಲೆ ಎಡ ಮೊಣಕಾಲು ಸದ್ದಿಲ್ಲದೆ ಬಗ್ಗಿತು.

"ಬಂತು," ಎಂದಳು ಕಸ್ತೂರಿಬಾಯಿ. ಬೆಳಗಿನಿಂದ ಮೊದಲ ಸಲ ಅವಳ ಮುಖದಲ್ಲಿ ಏನೋ ಜೀವ ಕಂಡಿತು.

ಅಂಗಳದಲ್ಲಿ ಕೂತಿದ್ದ ಚೌಡಾಪುರದ ಧರ್ಮಣ್ಣ ಬಾಗಿಲಿಗೆ ಬಂದು ಇಣುಕಿದ. ಯಾಕೂಬಸಾಬನಿಗೆ ಮೆಲ್ಲಗೆ ಹೇಳಿದ.

"ನನ್ನ ಗಾಡಿ ಗುಜರಿಯವನಿಗಿ ಕೊಟ್ಟುಬಿಟ್ಟೇನ್ರಿ, ಹುಣ್ಣಿಮಿ ಮುಂದನೇ. ಮೇಸ್ತ್ರಿಗಿ ಹ್ಯಾಂಗ ಹೇಳ್ಲಿ ಅಂತ ಸುಮ್ಮನಾದೆ. ಪಾಪ, ಇನ್ನಾ ಅದರದ್ದೇ ಕೆಲಸ ಮಾಡಾಕತ್ತಿದ್ರಂತ."

ಯಾಕೂಬಸಾಬ ತಲೆಯೆತ್ತಲಿಲ್ಲ. ಕಸ್ತೂರಿಬಾಯಿ ಹಿಂಡುತ್ತಿದ್ದ ಬಟ್ಟೆಯನ್ನು ಹಿಂಡುತ್ತಲೇ ಇದ್ದಳು, ಅದರಲ್ಲಿ ನೀರು ಉಳಿದಿರಲಿಲ್ಲ.

ಬಲಗಾಲು ಮಾತ್ರ ಬೇರೆಯೇ ಇತ್ತು. ಜೀವಮಾನವೆಲ್ಲ ಕಿಕ್ ಹೊಡೆದು ಆ ಮೊಣಕಾಲು ಬದುಕಿದ್ದಾಗಲೇ ಪೂರ್ತಿ ಮಡಚುತ್ತಿರಲಿಲ್ಲ. ಪಂಕ್ತಿಯಲ್ಲಿ ಕೂತರೂ ಆ ಕಾಲನ್ನು ಮುಂದಕ್ಕೆ ಚಾಚಿಯೇ ಉಣ್ಣುತ್ತಿದ್ದ. ಬಟ್ಟೆ ಬದಲಿಸಿದಷ್ಟೂ ನೀರು ಆರುತ್ತಿತ್ತು. ವಿಧಿ ನಡೆಸಲು ಬಂದು ಕೂತಿದ್ದ ಮಠದ ಅಯ್ಯನವರು ಎರಡು ಸಲ ಕೆಮ್ಮಿದರು. ಅಂಗಳದಲ್ಲಿ ಹಾಡುತ್ತಿದ್ದ ಭಜನೆಯವರ ಧ್ವನಿ ಬತ್ತಿತ್ತು. ನೆರಳು ಅಂಗಳ ದಾಟಿ ಗೋಡೆ ಹತ್ತಿತು.

"ಸಾಕು, ಯಾಕೂಬ," ಎಂದ ದೌಲತರಾಯ.

"ಇನ್ನೊಂದೀಟು ತಡೀರಿ. ಬರಾಕತ್ತದ. ನನ್ನ ಕೈಗಿ ಗೊತ್ತಾಗ್ತದ."

"ಹೊತ್ತು ಹೋಯ್ತೋ ಮಾರಾಯ."

ದೌಲತರಾಯ ತಾನೇ ಬಗ್ಗಿದ. ತಮ್ಮನ ಕಾಲನ್ನು ಬೇರೆಯವರ ಕೈಗೆ ಕೊಡಲು ಅವನಿಗೆ ಮನಸ್ಸಾಗಲಿಲ್ಲ. ಒಂದು ಕೈ ತೊಡೆಯ ಮೇಲೆ, ಒಂದು ಕೈ ಪಾದದ ಮೇಲೆ ಇಟ್ಟು, ಕಣ್ಣು ಮುಚ್ಚಿ ಮೈಭಾರ ಬಿಟ್ಟ. ಒಣ ಕಟ್ಟಿಗೆ ಮುರಿದ ಸದ್ದು ಅಂಗಳದವರೆಗೂ ಕೇಳಿಸಿತು. ಭಜನೆ ಅಲ್ಲೇ ನಿಂತಿತು. ಯಾಕೂಬಸಾಬ ಕೈಯೊಳಗಿನ ಬಟ್ಟೆಯನ್ನು ಕೆಳಗಿಟ್ಟು, ಯಾರನ್ನೂ ನೋಡದೆ ಹೊರಗೆ ನಡೆದ. ದೌಲತರಾಯ ತಮ್ಮನ ಮುರಿದ ಮೊಣಕಾಲಿಗೆ ತಲೆಯಿಟ್ಟು ಕೂಸಿನಂತೆ ಅತ್ತ.

ಕಸ್ತೂರಿಬಾಯಿ ಅಳಲಿಲ್ಲ. ಮೊಣಕಾಲಿನ ಮೇಲೆ ಶಾಲು ಎಳೆದು ಮುಚ್ಚಿದಳು, ಬೆಳಿಗ್ಗೆ ಕೌದಿ ಎಳೆದಂತೆಯೇ.

ಆಮೇಲೆ ಎಲ್ಲವೂ ಬೇಗ ಬೇಗ ನಡೆಯಿತು. ಮೊಳೆಗೆ ವಸ್ತ್ರ ಕಟ್ಟಿ ಕೂಡಿಸಿದರು, ವಿಭೂತಿ ಬಳಿದರು, ವಿಮಾನ ಎದ್ದಿತು. ಹೊತ್ತು ಮುಳುಗುವುದರೊಳಗೆ ಮಣ್ಣಾಯಿತು.

*

ಮಣ್ಣು ಕೊಟ್ಟು ಬಂದವರು ಮೈತೊಳೆದುಕೊಂಡು ಮನೆಗಳಿಗೆ ಹೋದರು. ಓಣಿಯಲ್ಲಿ ಒಲೆಗಳು ಹೊತ್ತಿದವು. ಬೇಯುವ ಕಾಳಿನ, ಮೆಂತೆಯ ವಾಸನೆ ಮನೆಯೊಳಗೂ ಬಂತು. ಮಾಳಮ್ಮ ದೀಪದ ಬಳಿ ಗೋಡೆಗೊರಗಿ ತೂಕಡಿಸುತ್ತಿದ್ದಳು.

ಕಸ್ತೂರಿಬಾಯಿ ಸ್ನಾನಕ್ಕೆಂದು ಬಚ್ಚಲಿಗೆ ಬಂದಳು. ಹಂಡೆ ಕುದಿಯುತ್ತಿತ್ತು. ಡಬ್ಬಿ ಮೂಲೆಯಲ್ಲಿ ಇಟ್ಟಲ್ಲೇ ಇತ್ತು. ಹೊರಗೆ ಎಸೆಯಬೇಕೆಂದು ಎತ್ತಿದವಳು ಎಸೆಯಲಿಲ್ಲ. ಕಾರ್ಬುರೇಟರನ್ನು ತೆಗೆದು, ಕುದಿನೀರು ತೋಡಿ ಅದ್ದಿದಳು. ಅವನು ಕಾಯುತ್ತಿದ್ದಷ್ಟೇ ಕಾದಳು. ಬಟ್ಟೆಯಲ್ಲಿ ಹಿಡಿದು, ಬಾಯಿ ಕೆಳಗೆ ಮಾಡಿ, ಮಣೆಯ ಮೇಲೆ ಮೆಲ್ಲಗೆ ತಟ್ಟಿದಳು. ಮತ್ತೊಮ್ಮೆ ತಟ್ಟಿದಳು.

ಎತ್ತಿ ಕೈ ಒಡ್ಡಿದಾಗ ಸ್ಲೈಡು ಜಾರಿ ಅವಳ ಅಂಗೈಗೆ ಬಿತ್ತು. ಎಲ್ಲೂ ಒಂದು ಗೀರಿಲ್ಲ. ಒಳಗೆ ಹಾಕಿ ಬಿಟ್ಟಳು, ತಾನಾಗಿ ಇಳಿಯಿತು. ಕೆಳಗಿನಿಂದ ಬೆರಳಲ್ಲಿ ಒತ್ತಿದಳು, ಮೇಲೇರಿತು.

"ಬಂತ್ರೀ! ನೋಡ್ರಿ ಇಲ್ಲಿ, ಬಂತು!"

ಕೂಗಿಕೊಂಡೇ ಒಳಗೆ ಓಡಿದಳು. ಹೊರಸನ್ನು ಯಾರೋ ಎತ್ತಿ ಗೋಡೆಗೆ ನಿಲ್ಲಿಸಿದ್ದರು. ಅದರ ಪಕ್ಕದ ಮೊಳೆಗೆ ಅವನ ತಲೆ ನಿಲ್ಲಿಸಿದ್ದ ವಸ್ತ್ರ ಇನ್ನೂ ಗಂಟು ಬಿಚ್ಚದೆ ತೂಗುತ್ತಿತ್ತು.