ಒಂದು ಹಲ್ಲು ಆಚೆ, ಒಂದು ಹಲ್ಲು ಈಚೆ

ಬಿತ್ತು, ಮತ್ತೆ ಅಲ್ಲೇ ಬಿತ್ತು, ಪಕ್ಕದ ಮನೆಯ ರಹೀಮಾಬೀಯ ತಗಡಿನ ಶೆಡ್ಡು ಇನ್ನೂ ಹತ್ತು ಮಾರು ದೂರ ಇರುವಾಗಲೇ ಬಂದೂಕಿನ ಬಿಳಿ ಗುಂಡು ತಲೆ ಬಾಗಿಸಿ ಗಲ್ಲಿಗೆ ಇಳಿಯಿತು, ನೀರಿನ ಟ್ಯಾಂಕಿನ ಮೇಲೆ ಕೂತ ಮಂಗ ಅದು ಬೀಳುವುದನ್ನೂ ನೋಡಿತು, ನನ್ನನ್ನೂ ನೋಡಿತು, ಆಮೇಲೆ ಮಾಳಿಗೆಯಲ್ಲಿ ಒಣಹಾಕಿದ ನನ್ನ ಸಂಡಿಗೆಯನ್ನೇ ಇನ್ನೊಂದು ಬಾಯಿಗೆ ಹಾಕಿಕೊಂಡಿತು — ತಿನ್ನಪ್ಪಾ, ತಿನ್ನು, ಎರಡು ದಿನ ಸೊಂಟ ಮುರಿದುಕೊಂಡು ಹಾಕಿದ್ದು ನಿನಗೇ ಅಲ್ಲವೇ. ಗಂಟೆ ಎಷ್ಟು, ಹನ್ನೊಂದೂಕಾಲು, ಹತ್ತರ ಬಸ್ಸಿಗೆ ಹೋದ ಇವರು ಈಗ ಲಿಂಗಸುಗೂರು ಮುಟ್ಟಿರಬೇಕು, ಮೊದಲು ಪಂಪಿನ ಮೋಟರು ರಿಪೇರಿಗೆ ಕೊಡುತ್ತಾರೆ, ಆಮೇಲೆ ಒಂದು ಗಂಟೆಗೆ ಅಣ್ಣನ ಮನೆಗೆ ಊಟಕ್ಕೆ, ಅಷ್ಟರೊಳಗೆ ಈ ದರಿದ್ರ ಆಟಿಕೆ ಬಂದೂಕು ನೆಟ್ಟಗಾಗಬೇಕು, ನೆಟ್ಟಗಾದರೆ ಫೋನು ಮಾಡಿ ಹೇಳಬಹುದು, ಸರಿ ಹೋಯ್ತುರೀ, ಅಣ್ಣನ ಮುಂದ ಏನೂ ಅನಬ್ಯಾಡ್ರಿ, ಸುಮ್ಮನ ಉಂಡು ಬರ್ರಿ ಅಂತ. ಸುಮ್ಮನೆ ಉಣ್ಣುವ ಮನುಷ್ಯನೇ ಅದು. ಹೊಸ್ತಿಲು ದಾಟುವಾಗಲೇ ಹೇಳಿ ಹೋಗಿದ್ದಾರೆ, ನಿಮ್ಮಣ್ಣ ಯಾರೂ ಒಯ್ಯದ ಹಳೇ ಮಾಲು ನಮಗ ಹಚ್ಚ್ಯಾನ, ಉಣ್ಣಾಕ ಕುಂತಾಗ ಕೇಳೇ ಕೇಳ್ತೀನಿ. ಕೇಳಬೇಕಂತೆ, ಅದೂ ಉಣ್ಣುವಾಗಲೇ, ಈ ಮನುಷ್ಯನ ಬಾಯಿಗೆ ಊಟದ ಹೊತ್ತು ಬಿಟ್ಟರೆ ಬೇರೆ ಮುಹೂರ್ತವೇ ಇಲ್ಲ.

ಮೂರು ವರ್ಷದ ಹಿಂದೆ ಇದೇ ಮನೆಯ ಗೃಹಪ್ರವೇಶದ ದಿನವೂ ಹಾಗೇ, ಅಣ್ಣ ಮಿಕ್ಸರ್ ತಂದಿದ್ದ, ಡಬ್ಬಿಯ ಟೇಪು ಒಮ್ಮೆ ಬಿಚ್ಚಿ ಅಂಟಿಸಿದ ಹಾಗಿತ್ತು, ಅಷ್ಟು ಸಾಕಾಯಿತು ಇವರಿಗೆ, ಪಂಕ್ತಿಯ ನಡುವೆ ನಿಂತು, ನರಸಣ್ಣ, ಸೆಕೆಂಡ್ ಹ್ಯಾಂಡ್ ತಂದೀಯಲ್ಲೋ, ಎಂದು ನಕ್ಕರು, ನಕ್ಕೇ ಹೇಳಿದ್ದು ಎಂದು ಇವತ್ತಿಗೂ ವಾದ, ಅಣ್ಣ ಹೋಳಿಗೆ ಮುರಿದಿದ್ದ, ಬೆರಳಿಗೆ ತುಪ್ಪ ಹತ್ತಿತ್ತು, ಎದ್ದ, ಕೈ ಕೂಡ ತೊಳೆಯದೆ ಚಪ್ಪಲಿ ಮೆಟ್ಟಿ ನಡೆದ, ಎಲೆಯಲ್ಲಿ ಮುರಿದ ಹೋಳಿಗೆ ಹಾಗೇ ಉಳಿಯಿತು, ಅದನ್ನು ಎತ್ತಿ ಹಾಕಿದವಳು ನಾನು. ಆ ಮಿಕ್ಸರು ಈಗಲೂ ತಿರುಗುತ್ತಿದೆ, ಇವತ್ತು ಬೆಳಿಗ್ಗೆ ಇವರು ಎರಡು ಸಲ ಹಾಕಿಸಿಕೊಂಡ ಚಟ್ನಿ ಅದರದ್ದೇ, ಹೇಳಿದರೆ ಕೇಳುವವರು ಯಾರು. ಮೂರು ವರ್ಷ ಇವರಿಬ್ಬರ ನಡುವೆ ನಾನು ಪೋಸ್ಟ್‌ಮ್ಯಾನ್ ಆಗಿದ್ದೆ, ಮಂಗಗಳಿಗೆ ಪುಣ್ಯ ಬರಲಿ, ಗುಡ್ಡ ಇಳಿದು ಮಾಳಿಗೆಗೆ ಬರದಿದ್ದರೆ ಅಣ್ಣ ಮಸ್ಕಿಗೆ ಬರುತ್ತಲೇ ಇರಲಿಲ್ಲ. ಅವನದು ಲಿಂಗಸುಗೂರು ಬಸ್‌ಸ್ಟ್ಯಾಂಡ್ ಹತ್ತಿರ ಆಟಿಕೆ ಸಾಮಾನಿನ ಅಂಗಡಿ, ಹೋದ ತಿಂಗಳು ತಾನೇ ಬಂದೂಕು ಹಿಡಿದು ಬಂದ, ಪ್ಲಾಸ್ಟಿಕ್ ಗುಂಡು ತಂಗಿ, ಮಂಗಗ ಹೊಡೀಬ್ಯಾಡ, ಹನುಮಪ್ಪನ ಪೈಕಿ ಅವು, ಆ ತಗಡಿಗೆ ಹೊಡಿ, ಸಪ್ಪಳಕ್ಕ ಓಡ್ತಾವ. ರಹೀಮಾಬೀ ಕೆಳಗಿನಿಂದಲೇ, ಹೊಡೀಲಿ ಬಿಡವ್ವ, ನನ್ನ ಪೇರಲಗಿಡಾನೂ ಉಳೀತೈತಿ, ಎಂದಳು. ಅಣ್ಣ ನಳಿಗೆಯ ಬುಡದಲ್ಲಿ ಹಲ್ಲುಹಲ್ಲಿನ ಸಣ್ಣ ಗಾಲಿ ತೋರಿಸಿದ, ಇದು ಹಾಪ್-ಅಪ್, ಒಳಗೊಂದು ರಬ್ಬರ್ ಐತಿ, ಗಾಲಿ ತಿರುವಿದ್ರ ರಬ್ಬರ್ ಗುಂಡಿನ ನೆತ್ತಿ ಸವರತೈತಿ, ಗುಂಡು ಹಿಂದಕ್ಕ ತಿರಗಿಕೋಂತ ದೂರ ತೇಲತೈತಿ, ಎಂದು ಒಂದೊಂದೇ ಹಲ್ಲು ತಿರುವಿದ, ಹೊಡೆದ, ತಿರುವಿದ, ಹೊಡೆದ, ಮೆಟ್ಟಿಲ ಬಾಗಿಲಲ್ಲಿ ಗಂಟುಮುಖ ಹಾಕಿ ನಿಂತಿದ್ದ ಇವರು ತಡೆಯಲಾರದೆ, ಇನ್ನೊಂದು ಹಲ್ಲು ತಿರುವೋ, ಎಂದುಬಿಟ್ಟರು, ಮೂರು ವರ್ಷಕ್ಕೆ ಮೊದಲ ಮಾತು, ಅಣ್ಣ ತಿರುವಿದ, ಟಣ್ ಎಂದಿತು ತಗಡು, ಇಬ್ಬರೂ ನಕ್ಕರು. ಹೋಗುವಾಗ ಅಣ್ಣ, ಆನಂದಪ್ಪಾ, ಲಿಂಗಸುಗೂರಿಗೆ ಬಂದ್ರ ಮನಿಗೆ ಉಣ್ಣಾಕ ಬರಬೇಕು ನೋಡು, ಎಂದ, ಇವರು ಹೂಂ ಎಂದರು. ನಾನು ಒಳಗೆ ಹೋಗಿ ಒಬ್ಬಳೇ ಅತ್ತೆ.

ಈಗ ಒಂದು ಹಲ್ಲು ಮುಂದೆ, ಬಿತ್ತು, ಇನ್ನೊಂದು, ಬಿತ್ತು, ಪೂರ್ತಿ ತಿರುವಿದರೆ ಗುಂಡು ಹೊರಗೇ ಬರುವುದಿಲ್ಲ, ಒಳಗೇ ಸಿಕ್ಕಿಕೊಳ್ಳುತ್ತದೆ, ಒಂದು ಹಲ್ಲು ಹಿಂದೆ, ಬಿತ್ತು. ಯಾಕ ರೂಪಾ, ನಮ್ಮ ತಗಡು ಇವತ್ತ ಸಪ್ಪಳಾನೇ ಮಾಡವಲ್ದು, ಎನ್ನುತ್ತಾಳೆ ರಹೀಮಾಬೀ ಕೆಳಗಿನಿಂದ, ನನಗೂ ಅದೇ ಚಿಂತೆ ನೋಡವ್ವಾ. ಸಾಕು, ಕೆಳಗಿಳಿದು ಹೊಲಿಗೆ ಮಿಷನ್ನಿನ ಮೇಲೆ ಹಳೇ ಲೈನಿಂಗ್ ಬಟ್ಟೆ ಹಾಸಿ ಬಿಚ್ಚುತ್ತೇನೆ, ಬಾಬಿನ್ ಬಿಚ್ಚುವವಳಿಗೆ ಇದೇನು ಮಹಾ, ನಾಲ್ಕು ಸ್ಕ್ರೂ, ಹೊರಗಿನ ಚಿಪ್ಪು, ಒಳನಳಿಗೆ ಎಳೆದರೆ ಬಂತು, ತುದಿಗೆ ರಬ್ಬರಿನ ಸಣ್ಣ ಕೊಳವೆ, ಕಿರುಬೆರಳ ಉಗುರಿನಷ್ಟೂ ಇಲ್ಲ, ಇಷ್ಟಕ್ಕಾಗಿ ನನ್ನ ತವರು ಹೋಗಬೇಕೇ. ಹರಿದಿಲ್ಲ, ಸವೆದಿಲ್ಲ, ಹೊಸದರ ಹಾಗೇ ಇದೆ, ಮತ್ತೇನು ರೋಗ ಇದಕ್ಕೆ. ಫೋನಿನಲ್ಲಿ ಹಿಂದಿಯವನೊಬ್ಬ ಇದನ್ನೇ ಬಿಚ್ಚಿ ತೋರಿಸುತ್ತಾನೆ, ಐದು ನಿಮಿಷ ತನ್ನ ಚಾನೆಲ್ಲಿನ ಪುರಾಣ, ಬೇಗ ಹೇಳೋ ಮಾರಾಯ, ಇಲ್ಲಿ ಹನ್ನೆರಡೂಕಾಲಾಯಿತು, ಹಾಂ, ರಬ್ಬರು ಒಣಗಿರಬೇಕು ಅಂತಾನೆ, ಎಣ್ಣೆ ತಗಲಕೂಡದು ಅಂತಾನೆ, ತಗಲಿದರೆ ರಬ್ಬರು ಜಾರುತ್ತದೆ, ಗುಂಡು ತಿರುಗುವುದಿಲ್ಲ, ಗಾಲಿ ಎಷ್ಟು ತಿರುವಿದರೂ ಅಷ್ಟೇ, ಮುಂದೆ ಬಿದ್ದು ಹೋಗುತ್ತದೆ. ಎಣ್ಣೆ ಯಾರು ಹಾಕುತ್ತಾರಪ್ಪ ಎಂದುಕೊಂಡು ಎರಡು ಬೆರಳ ನಡುವೆ ರಬ್ಬರು ತಿಕ್ಕಿದೆ, ಜಾರಿತು, ಮೂಗಿಗೆ ಹಿಡಿದೆ, ನನ್ನ ಮಿಷನ್ ಎಣ್ಣೆಯ ವಾಸನೆ. ಅಯ್ಯೋ ನನ್ನ ಕೈಯೇ. ಅಮಾವಾಸ್ಯೆ, ಮೊನ್ನೆ ಅಮಾವಾಸ್ಯೆ, ತಿಂಗಳು ತಿಂಗಳು ಮಾಡುವ ಹಾಗೆ ಮಿಷನ್ ಒರೆಸಿದೆ, ಎಣ್ಣೆ ಬಿಟ್ಟೆ, ಕತ್ತರಿಗೆ, ಬಾಗಿಲ ಕೀಲಿಗೆ, ಇವರ ಬೈಕಿನ ಚೈನಿಗೆ, ಎಲ್ಲಕ್ಕೂ ವಿಭೂತಿ ಕುಂಕುಮ, ಬಂದೂಕು ಮೂಲೆಯಲ್ಲಿತ್ತು, ಅದೊಂದು ಯಾಕೆ ಉಪವಾಸ ಇರಬೇಕೆಂದು ಬಾಯಿಗೆ ಎರಡು ತೊಟ್ಟು ಬಿಟ್ಟು ಊದಿನಕಡ್ಡಿ ತೋರಿಸಿದೆ, ಮಾರನೆಯ ದಿನದಿಂದಲೇ ಗುಂಡು ಬೀಳತೊಡಗಿತು, ಎಣ್ಣೆಯಿಂದ ಏನಾದರೂ ಕೆಡುತ್ತದೆ ಎಂದು ಯಾರಿಗೆ ಗೊತ್ತು, ಹುಟ್ಟಿದಾಗಿನಿಂದ ಕೆಟ್ಟದ್ದಕ್ಕೆಲ್ಲ ಎಣ್ಣೆ ಹಾಕಿಯೇ ಸರಿ ಮಾಡಿದವಳು ನಾನು.

ಸೋಪಿನ ನೀರು, ಹಿಚುಕು, ಮತ್ತೆ ಹಿಚುಕು, ಒಳನಳಿಗೆಗೆ ದಾರಕ್ಕೆ ಬಟ್ಟೆ ಕಟ್ಟಿ ಎಳೆದೆ, ಒಂದು, ಎರಡು, ಬಟ್ಟೆ ಬಿಳಿಯಾಗಿ ಹೊರಬರುವ ತನಕ, ಫ್ಯಾನಿನ ಕೆಳಗೆ ಒಣಗಿಸಿದೆ, ಕೂಡಿಸಿದೆ, ಒಂದು ಸ್ಕ್ರೂ ಮಂಚದಡಿ ಉರುಳಿತು, ಹಾಳಾಗಿ ಹೋಗಲಿ, ಮೂರರಲ್ಲೇ ನಿಲ್ಲಲಿ, ಮಾಳಿಗೆಗೆ ಓಡಿದೆ, ಗಾಲಿ ಒಂದು ಹಲ್ಲು ಆಚೆ, ಮೇಲೆ ಹಾರಿತು, ಒಂದು ಹಲ್ಲು ಈಚೆ — ಟಣ್. ಮಂಗ ಸಂಡಿಗೆ ಬಿಟ್ಟು ಓಡಿತು, ಹನ್ನೆರಡೂ ಐವತ್ತು, ಫೋನು ಕೈಯಲ್ಲೇ ಇದೆ, ಮಾಡಬೇಕು, ಮಾಡಿ ಏನು ಹೇಳಬೇಕು, ನಾನೇ ಎಣ್ಣೆ ಬಿಟ್ಟೆ ಅಂದರೆ ಮುಗಿಯಿತು, ಇನ್ನು ಹತ್ತು ವರ್ಷ ಇವರು ಬಂದವರ ಮುಂದೆಲ್ಲ, ನಮ್ಮಾಕಿ ಬಂದೂಕಿಗೂ ಎಣ್ಣಿ ಹಾಕ್ಯಾಳ್ರೀ, ಎಂದು ಆಡಿಕೊಳ್ಳುತ್ತಾರೆ, ಧೂಳು ಕೂತಿತ್ತು ಅನ್ನಲೇ, ಸ್ಕ್ರೂ ಸಡಿಲ ಇತ್ತು ಅನ್ನಲೇ, ಸಡಿಲ ಅಂದರೆ ಮತ್ತೆ ಅಣ್ಣನ ತಲೆಗೇ ಬರುತ್ತದೆ, ಧೂಳೇ ಸರಿ, ಆದರೆ ಧೂಳು ಎಲ್ಲಿಂದ ಬಂತು ಎಂದು ಲಾಯರನ ಹಾಗೆ ಕೇಳುತ್ತಾರೆ, ಕೇಳಲಿ, ಇಲ್ಲ, ಇದ್ದದ್ದನ್ನೇ ಹೇಳಿಬಿಡಲೇ — ಗಡಿಯಾರ ನೋಡಿದರೆ ಒಂದೂ ಹತ್ತು. ಇವರಿಗೆ ಮಾಡಿದೆ, ಎತ್ತಲಿಲ್ಲ, ಅಣ್ಣನಿಗೆ, ಎತ್ತಲಿಲ್ಲ, ಅತ್ತಿಗೆ ಶೇಖಮ್ಮನಿಗೆ ಮಾಡಿದೆ, ಎತ್ತಿದಳು.

ಈಗ ಮಾಡಿದೇನ ರೂಪಾ, ಎಂದಳು, ದನಿ ತೀರಾ ಸಣ್ಣದು, ಅಡುಗೆಮನೆಯಿಂದ ಮಾತಾಡುತ್ತಿದ್ದಾಳೆ, ನಿನ್ನ ಗಂಡ ಹಳೇ ಮಾಲು ಅಂದನಂತ, ನಿಮ್ಮಣ್ಣ ಎದ್ದು ಹೋಗ್ಯಾರ, ನಿನ್ನ ಗಂಡ ಕುಂತಾನ, ಉಣವಲ್ಲ, ಏಳವಲ್ಲ. ಅವರಿಗೆ ಕೊಡ್ರಿ ಯಕ್ಕಾ, ಎಂದೆ, ಕೊಟ್ಟಳು, ನಾನು ಧೂಳನ್ನೂ ಸ್ಕ್ರೂವನ್ನೂ ಮರೆತೆ, ರೀ, ಅಮಾಸಿ ದಿನ ನಾನ ಎಣ್ಣಿ ಬಿಟ್ಟೀನಿ, ಅದಕ್ಕ ಹಂಗ ಆಗಿತ್ತು, ಮಾಲು ಹೊಸಾದೇ ಐತಿ, ಈಗ ತಗಡಿಗೆ ಮುಟ್ಟತೈತಿ, ಎಂದೆ, ಬೈಯುತ್ತಾರೆಂದು ಕಾದೆ, ಬೈಯಲಿ, ಬೈದರೆ ಸಾಕು ಎನಿಸಿತು, ಬೈಯಲಿಲ್ಲ, ನಿಮ್ಮಣ್ಣ ಹೋಳಿಗಿ ಮುರದಿದ್ದ, ರೂಪಾ, ಎಂದರು, ತಾಟಿನ್ಯಾಗ ಹಂಗೇ ಐತಿ. ಫೋನು ಕಿವಿಯಲ್ಲೇ ಇದೆ, ಮುರಿದ ಹೋಳಿಗೆ, ಒಂದು ತುತ್ತೂ ತಿನ್ನದ್ದು, ಅದರ ಮುಂದೆ ಇವರು, ಮುರಿದ ಹೋಳಿಗೆ, ಮೇಲಿನ ತುಪ್ಪ ಇನ್ನೂ ಆರಿಲ್ಲ, ಮುರಿದ ಹೋಳಿಗೆ —