ಒಂದೇ ಗುರುತಿಗೆ ಇಬ್ಬರು

ತಮ್ಮ ಲೆನ್ನಿ ಅಮೆರಿಕದ ಉಪಾಧ್ಯಕ್ಷನ ಸ್ಥಾನಕ್ಕೆ ನಿಲ್ಲುತ್ತಾನೆಂಬ ಸುದ್ದಿ ಊರಿಗೆಲ್ಲ ತಿಳಿದ ಮೇಲೆ ರೋಸಲಿಗೆ ತಿಳಿಯಿತು. ಆ ಹೊತ್ತಿಗೆ ಅವಳು ಶಾಲೆಯ ಹಳದಿ ಬಸ್ಸು ತುಂಬ ಮಕ್ಕಳನ್ನು ಕೂರಿಸಿಕೊಂಡು ಗುಡ್ಡದ ತಿರುವು ಇಳಿಯುತ್ತಿದ್ದಳು. ಮನೆಗೆ ಬಂದು ನೋಡಿದರೆ ಅಂಗಳದಲ್ಲಿ ಟಿವಿಯವರ ವ್ಯಾನುಗಳು. ಲೆನ್ನಿ ಫೋನ್ ಮಾಡಿರಲಿಲ್ಲ. ಮಾಡುತ್ತಾನೆಂದು ಅವಳೂ ಕಾದಿರಲಿಲ್ಲ. ಕಾಯುವ ಚಟ ಬಿಟ್ಟು ಬಹಳ ಕಾಲವಾಗಿತ್ತು.

ಅಧ್ಯಕ್ಷ ಪದವಿಗೆ ನಿಂತವಳು ಗವರ್ನರ್ ಹ್ಯಾರಿಗನ್. ಆಕೆಗೆ ಪೆನ್ಸಿಲ್ವೇನಿಯಾದ ಗಣಿ ಊರುಗಳ ಓಟು ಬೇಕಿತ್ತು. ಜೊತೆಗೆ ಗಣಿಯವನ ಮಗನೊಬ್ಬನನ್ನು ನಿಲ್ಲಿಸಿಕೊಂಡರೆ ಓಟು ತಾನಾಗಿ ಬಂದು ಬೀಳುತ್ತದೆ ಎಂದು ದೊಡ್ಡ ಊರಿನ ಬುದ್ಧಿವಂತರು ಲೆಕ್ಕ ಹಾಕಿದ್ದರು. ಲೆನ್ನಿ ಎಂದರೆ ಈಗ ಸೆನೆಟರ್ ಲೆನರ್ಡ್ ಪೆಟ್ರಾಕ್; ಅವನ ಅಪ್ಪ ಕಲ್ಲಿದ್ದಲು ಅಗೆದು ಸತ್ತವನು, ಅಮ್ಮ ಚರ್ಚಿನಲ್ಲಿ ಪಿರೋಗಿ ಕಡುಬು ಮಾಡುತ್ತ ಮುದುಕಿಯಾದವಳು. ಹೇಳಿಕೊಳ್ಳಲು ಇದಕ್ಕಿಂತ ಒಳ್ಳೆಯ ಮಗ ಎಲ್ಲಿ ಸಿಗಬೇಕು? ಆ ಬುದ್ಧಿವಂತರಲ್ಲಿ ಒಬ್ಬನಾದರೂ ರೋಸಲಿಯ ಊರಾದ ಕೋಲ್ಟರ್ಸ್ ರನ್ನಿಗೆ ಬಂದು, ಯಾರದಾದರೂ ಮನೆಯಲ್ಲಿ ಕೂತು ಒಂದು ಕಾಫಿ ಕುಡಿದಿದ್ದರೆ ಸಾಕಿತ್ತು.

ಶುಕ್ರವಾರ ಚರ್ಚಿನ ನೆಲಮಾಳಿಗೆಯಲ್ಲಿ ಎಂದಿನಂತೆ ಹೆಂಗಸರು ಪಿರೋಗಿಗೆ ಕೂತಿದ್ದರು. ಆಲೂಗಡ್ಡೆ ತುಂಬಿ ಅಂಚು ಒತ್ತುವುದು ಕೈಯ ಕೆಲಸ, ಬಾಯಿಗೆ ಅದರ ಹಂಗಿಲ್ಲ.

"ನಾನು ಗವರ್ನರಮ್ಮಂಗೇ ಹಾಕೋಣ ಅಂತಿದ್ದೆ," ಎಂದಳು ಡಾಟಿ, ಅಂಚೆ ಕಚೇರಿಯಿಂದ ನಿವೃತ್ತಳಾದವಳು. "ಈಗ ಇವನೊಬ್ಬ ಗಂಟುಬಿದ್ದ."

"ಗಂಡನ ಜೊತೆ ಅತ್ತೆ ಬಂದ ಹಾಗೆ," ಎಂದು ಒಬ್ಬಳು ನಕ್ಕಳು. "ಬೇರೆ ಬೇರೆ ಮಾಡೋಕಾಗಲ್ಲ ಕಣೇ. ಒಂದೇ ಗುರುತಿಗೆ ಇಬ್ರೂ."

"ಹಾಲು ಬೇಕು ಅಂದ್ರೆ ನೊಣಾನೂ ನುಂಗ್ಬೇಕಾ? ನಾನು ಮನೇಲೇ ಇರ್ತೀನಿ," ಎಂದಳು ಡಾಟಿ. "ಅವನು ನಮ್ಮೂರ ಮಗ ಅಂತೆ. ಮೊದ್ಲು ತಾಯಿಗೆ ಮಗ ಆಗಿದ್ರೆ ಆಗ್ತಿತ್ತು."

ಆಮೇಲೆ ಎಲ್ಲರೂ ರೋಸಲಿಯ ಮುಖ ನೋಡಿದರು. ಅವಳು ಹಿಟ್ಟಿನ ಮೇಲೆ ಕಣ್ಣಿಟ್ಟು ಅಂಚು ಒತ್ತುತ್ತಲೇ ಇದ್ದಳು. ಪಕ್ಕದಲ್ಲಿದ್ದ ಥೆಲ್ಮಾ, "ಸುಮ್ನಿರ್ರೇ, ಆಲೂಗಡ್ಡೆ ಆರ್ತಾ ಇದೆ," ಎಂದು ಮಾತು ತಿರುಗಿಸಿದಳು.

ಥೆಲ್ಮಾ ರೋಸಲಿಯ ಪಕ್ಕದ ಮನೆಯವಳು, ಗಣಿ ಕೆಲಸದ ಮೈಕನ ಹೆಂಡತಿ. ರೋಸಲಿಯ ಅಮ್ಮ ಪಾರ್ಶ್ವವಾಯು ಹೊಡೆದು ಎಂಟು ವರ್ಷ ಹಾಸಿಗೆ ಹಿಡಿದಾಗ, ಮಗ್ಗುಲು ಬದಲಿಸಲು ರೋಸಲಿ ಭುಜ ಹಿಡಿದರೆ ಥೆಲ್ಮಾ ಕಾಲು ಹಿಡಿಯುತ್ತಿದ್ದಳು. ಅಮ್ಮ ವಾಂತಿ ಮಾಡಿದರೆ ಬೋಗುಣಿ ಒಡ್ಡುತ್ತಿದ್ದಳು. ಲೆನ್ನಿ ವಾಷಿಂಗ್ಟನ್ನಿನಿಂದ ಪ್ರತಿ ಕ್ರಿಸ್ಮಸ್ಸಿಗೆ ಹಣ್ಣಿನ ಬುಟ್ಟಿ ಕಳಿಸುತ್ತಿದ್ದ. ಗಂಜಿ ನುಂಗಲೂ ಆಗದ ತಾಯಿಗೆ ಸೇಬು, ಪೇರ್. ಅಮ್ಮ ಸತ್ತಾಗ ಏನೋ ಮುಖ್ಯವಾದ ಮಸೂದೆ ಇದೆಯೆಂದು ಅಂತ್ಯಕ್ರಿಯೆಗೂ ಬರದೆ, ಆಳೆತ್ತರದ ಹೂವಿನ ಚಕ್ರ ಕಳಿಸಿದ. ಇಷ್ಟಾದ ಮೇಲೆ ಅವನ ಹೆಸರು ಕೇಳಿದರೆ ರೋಸಲಿಗೆ ಸಿಟ್ಟೂ ಬರುತ್ತಿರಲಿಲ್ಲ, ಸುಸ್ತಾಗುತ್ತಿತ್ತು.

ಆದರೆ ಮನೆಯಲ್ಲಿ ವಾಲ್ಟ್ ಇದ್ದ. ಅವಳ ಗಂಡ ಅರ್ಧ ಆಯುಷ್ಯವನ್ನು ನೆಲದಡಿ ಕಳೆದವನು. ಕಲ್ಲಿದ್ದಲಿನ ದೂಳು ಎದೆಯಲ್ಲಿ ಕೂತು ಈಗ ಮೂಗಿಗೆ ಆಮ್ಲಜನಕದ ಕೊಳವೆ ಸಿಕ್ಕಿಸಿಕೊಂಡು ಕುರ್ಚಿಯಲ್ಲಿ ಕೂತಿರುತ್ತಿದ್ದ. ಗಣಿಯ ಕಂಪನಿ ಎಂದೋ ದಿವಾಳಿ. ಯಂತ್ರಕ್ಕೆ, ಔಷಧಿಗೆ, ಆಸ್ಪತ್ರೆಗೆ ಸರಕಾರದ ನಿಧಿಯೊಂದೇ ಗತಿ. ಹ್ಯಾರಿಗನ್ ಅದನ್ನು ಉಳಿಸುತ್ತೇನೆ ಎಂದಿದ್ದಳು. ಎದುರಾಳಿ ಅದು ದಂಡದ ಖರ್ಚು, ನಿಲ್ಲಿಸುತ್ತೇನೆ ಎಂದು ಸಭೆ ಸಭೆಯಲ್ಲಿ ಹೇಳುತ್ತಿದ್ದ. ಹ್ಯಾರಿಗನ್ ಸೋತರೆ ವಾಲ್ಟನ ಉಸಿರಿಗೇ ಕುತ್ತು.

ಪ್ರಚಾರದವರ ಕಡೆಯಿಂದ ಕೋರ್ಟ್ನಿ ಎಂಬ ಹೆಂಗಸು ಬಂದದ್ದು ಸೆಪ್ಟೆಂಬರಿನಲ್ಲಿ. ಅಡುಗೆಮನೆಯ ಮೇಜಿಗೆ ಮೊಣಕೈ ಊರಿ, ಬಹಳ ಮರ್ಯಾದೆಯಿಂದ ಮಾತಾಡಿದಳು.

"ಮಿಸೆಸ್ ಡುಡಾಶ್, ನೀವೇನೂ ಮಾತಾಡೋದು ಬೇಡ. ಭಾನುವಾರ ಚರ್ಚಲ್ಲಿ ಪ್ರಾರ್ಥನೆ ಆದ್ಮೇಲೆ ಸೆನೆಟರ್ ಜೊತೆ ತಾಯಿಯವರ ಸಮಾಧಿವರೆಗೆ ನಡೆದ್ರೆ ಸಾಕು. ಇಲ್ಲಿನ ಜನಕ್ಕೆ ಅವರ ಮೇಲೆ ಅದೇನೋ ಅಸಮಾಧಾನ ಇದ್ಯಂತೆ."

"ಏನೋ ಅಲ್ಲಮ್ಮ. ಏನು ಅಂತ ಎಲ್ರಿಗೂ ಗೊತ್ತಿದೆ," ಎಂದಳು ರೋಸಲಿ.

"ಅದಕ್ಕೇ ಕೇಳ್ತಿರೋದು. ನೀವು ಪಕ್ಕದಲ್ಲಿದ್ರೆ ಅವರೂ ಮರೀತಾರೆ. ಈ ಸುತ್ತಮುತ್ತಲ ಓಟು ಬರ್ಲಿಲ್ಲ ಅಂದ್ರೆ ರಾಜ್ಯ ಹೋಯ್ತು. ರಾಜ್ಯ ಹೋದ್ರೆ ಎಲ್ಲಾ ಹೋಯ್ತು."

ಅವಳು ಹೋದ ಮೇಲೆ ವಾಲ್ಟ್ ಕುರ್ಚಿಯಿಂದಲೇ ಕೂಗಿದ. ಒಂದು ವಾಕ್ಯಕ್ಕೆ ಎರಡು ಸಲ ಉಸಿರು ತೆಗೆದುಕೊಳ್ಳಬೇಕಿತ್ತು.

"ನನಗೋಸ್ಕರ ಹೋಗ್ಬೇಡ ಕಣೇ."

"ಮತ್ತಿನ್ಯಾರಿಗೋಸ್ಕರ ಹೋಗ್ಲಿ? ನನಗೇನು ಟಿವಿಲಿ ಬರೋ ಆಸೆನಾ?"

"ನಾನಂತೂ ಗುರುತು ಹಾಕುವಾಗ ಅವನ ಹೆಸರಿನ ಮೇಲೆ ಹೆಬ್ಬೆಟ್ಟು ಇಟ್ಕೋತೀನಿ. ಕಾಣದೆ ಇದ್ರೆ ಆಯ್ತಲ್ಲ."

ಅವಳಿಗೆ ನಗು ಬಂತು. ಅವನೂ ನಗಲು ಹೋಗಿ ಕೆಮ್ಮಿದ. ಆ ಕೆಮ್ಮು ನಿಲ್ಲುವಷ್ಟರಲ್ಲಿ ಅವಳು ಭಾನುವಾರ ಹೋಗುವುದೆಂದು ತೀರ್ಮಾನಿಸಿಯಾಗಿತ್ತು.

ಭಾನುವಾರ ಲೆನ್ನಿ ಕಪ್ಪು ಕಾರಿನಿಂದ ಇಳಿದು ಅವಳನ್ನು ಅಪ್ಪಿಕೊಂಡ. "ಅಕ್ಕಾ, ಎಷ್ಟು ವರ್ಷ ಆಯ್ತೇ," ಎಂದ. ಕೂದಲು ಬೆಳ್ಳಗಾಗಿ ಥೇಟ್ ಅಪ್ಪನಂತೆ ಕಾಣುತ್ತಿದ್ದ. ಅದೊಂದು ಅನ್ಯಾಯ ಅನ್ನಿಸಿತು ರೋಸಲಿಗೆ. ಊರಿನವರು ಸ್ಮಶಾನದ ಗೇಟಿನ ಹೊರಗೆ ಕೈಕಟ್ಟಿ ನಿಂತಿದ್ದರು. ಅವಳು ಒಂದು ಹೆಜ್ಜೆ ಹಿಂದೆ, ಹೂವು ಹಿಡಿದ ಲೆನ್ನಿ ಮುಂದೆ, ಅವರಿಬ್ಬರ ಹಿಂದೆ ಕ್ಯಾಮರಾಗಳು, ಹೀಗೆ ಗುಡ್ಡ ಹತ್ತಿದರು.

ಮೇಲೆ ದಾರಿ ಎರಡಾಗುತ್ತದೆ. ಲೆನ್ನಿ ತಡವರಿಸದೆ ಎಡಕ್ಕೆ ತಿರುಗಿದ. ಎಡಕ್ಕೆ ಹಳೆಯ ಇಳಿಜಾರು, ಅಪ್ಪನ ಸಮಾಧಿ, ಅದರ ಪಕ್ಕದಲ್ಲಿ ಅಮ್ಮನಿಗೆಂದು ಕಾದಿರಿಸಿದ್ದ ಜಾಗ. ಆದರೆ ಅಮ್ಮ ಅಲ್ಲಿರಲಿಲ್ಲ. ಅವಳು ಸಾಯುವ ವರ್ಷ ಅಡಿಯ ಹಳೇ ಗಣಿ ಕುಸಿದು ಆ ಇಳಿಜಾರು ಬಿರುಕುಬಿಟ್ಟಿತ್ತು, ಬೇಲಿ ಹಾಕಿ ಮುಚ್ಚಿದ್ದರು. ಗಂಡನ ಪಕ್ಕ ಮಲಗುವೆನೆಂದು ನಲವತ್ತು ವರ್ಷ ಹೇಳಿಕೊಂಡು ಬಂದವಳನ್ನು ಬಲಗಡೆ ನೀರಿನ ಟ್ಯಾಂಕಿನ ಕೆಳಗೆ ಒಂಟಿಯಾಗಿ ಹೂಳಬೇಕಾಯಿತು. ಅಮ್ಮನ ಸಾವಿಗಿಂತ ಅದಕ್ಕೇ ರೋಸಲಿ ಹೆಚ್ಚು ಅತ್ತಿದ್ದಳು. ಒಂದೇ ಒಂದು ಸಲ ಬಂದಿದ್ದವನಿಗೂ ಇದು ಗೊತ್ತಿರುತ್ತಿತ್ತು.

ಹೋಗಲಿ, ಎಂದುಕೊಂಡಳು. ಇನ್ನು ನಾಲ್ಕು ಹೆಜ್ಜೆ ಹಾಕಿದರೆ ಬೇಲಿ ಸಿಗುತ್ತದೆ. ತಾಯಿಯನ್ನು ಹುಡುಕುತ್ತ ಹೂವು ಹಿಡಿದು ನಿಂತ ಮಗನನ್ನು ಇಡೀ ದೇಶ ನೋಡಲಿ. ಅವಳು ಒಂದು ಮಾತೂ ಆಡಬೇಕಿರಲಿಲ್ಲ. ಸುಮ್ಮನೆ ನಿಂತರೆ ಸಾಕಿತ್ತು. ಆ ಕ್ಷಣ ಅವಳಿಗೆ ನಿಜವಾಗಿಯೂ ಸಂತೋಷವಾಯಿತು.

ಆಮೇಲೆ ವಾಲ್ಟ್ ನೆನಪಾದ. ಎರಡು ಹೆಜ್ಜೆ ದಾಪುಗಾಲು ಹಾಕಿ ತಮ್ಮನ ತೋಳಿಗೆ ತೋಳು ಸೇರಿಸಿದಳು.

"ಬಲಕ್ಕೆ ತಿರುಗು. ಅವಸರ ಮಾಡ್ಬೇಡ, ನಿಧಾನಕ್ಕೆ."

"ಅಪ್ಪನ ಪಕ್ಕ ಅಲ್ವಾ?" ಲೆನ್ನಿ ತುಟಿ ಅಲುಗಿಸದೆ ಕೇಳಿದ. ರಾಜಕಾರಣ ಅಷ್ಟನ್ನಾದರೂ ಕಲಿಸಿತ್ತು.

"ಅಲ್ಲ."

"ಯಾಕೆ ಹೇಳ್ಲಿಲ್ಲ?"

"ಹೇಳಿದ್ದೆ. ಫೋನ್ ಎತ್ತಿದ್ದು ನಿನ್ನ ಆಫೀಸಿನವರು."

ಅವನು ಬಲಕ್ಕೆ ತಿರುಗಿದ. ಸಮಾಧಿಯ ಮುಂದೆ ಹೂವಿಟ್ಟು ನಿಂತಾಗ ಅವನ ಕಣ್ಣಿನಿಂದ ನೀರು ಇಳಿಯಿತು. ನಿಜವಾದ ಅಳುವೋ ಸುಳ್ಳೋ ರೋಸಲಿಗೆ ತಿಳಿಯಲಿಲ್ಲ, ತಿಳಿಯಬೇಕೆಂದೂ ಅನ್ನಿಸಲಿಲ್ಲ. ನಿಜವಾಗಿದ್ದರೆ ಸಿಟ್ಟೇ ಬರುತ್ತಿತ್ತು.

ಸಂಜೆ ಟಿವಿಯಲ್ಲಿ ಅದೇ ಅದೇ ಚಿತ್ರ. ಅಕ್ಕ ತಮ್ಮನ ತೋಳು ಹಿಡಿದು ತಾಯಿಯ ಬಳಿಗೆ ನಡೆಯುತ್ತಿದ್ದಾಳೆ. ನಂತರ ಗೇಟಿನ ಬಳಿ ಒಬ್ಬ ವರದಿಗಾರ, ಅವನ ಪಕ್ಕದಲ್ಲಿ ಭಾನುವಾರದ ಕೋಟು ತೊಟ್ಟ ಥೆಲ್ಮಾ. "ನೀವು ಪಕ್ಕದ ಮನೆಯವರು. ಸೆನೆಟರ್ ಎಂಥ ಮಗ?" ಎಂದು ಅವನು ಕೇಳಿದ.

"ಒಳ್ಳೇ ಮಗ," ಎಂದಳು ಥೆಲ್ಮಾ. "ಪುರುಸೊತ್ತು ಸಿಕ್ಕಾಗೆಲ್ಲ ಬರ್ತಿದ್ದ. ಅಕ್ಕ ತಮ್ಮ ಇಬ್ರೂ ಸೇರಿ ನೋಡ್ಕೊಂಡ್ರು ಆ ತಾಯಿನ."

ವಾಲ್ಟ್ ಟಿವಿ ಆರಿಸಿದ. "ಗುಡ್ಡ ಹತ್ತಿದ್ದಕ್ಕೆ ಕಾಲು ನೋಯ್ತಿದ್ಯಾ?" ಎಂದು ಕೇಳಿದ. ಅವಳು ಹೌದೆಂದು ತಲೆಯಾಡಿಸಿದಳು.

ಮುಂದಿನ ಶುಕ್ರವಾರದ ಹೊತ್ತಿಗೆ ನೆಲಮಾಳಿಗೆಯ ಗಾಳಿಯೇ ಬದಲಾಗಿತ್ತು.

"ನಾನು ಹಾಕ್ತೀನಪ್ಪ," ಎಂದಳು ಡಾಟಿ. "ರೋಸಿನೇ ಅವನ ಕೈ ಹಿಡಿದ್ಮೇಲೆ ನಮ್ಮದೇನು? ಹೊಟ್ಟೇಲಿಟ್ಕೊಂಡಿದ್ದು ಸಾಕು."

ಇತ್ತೀಚೆಗೆ ಊರಿಗೆ ಬಂದ ಹೆಂಗಸೊಬ್ಬಳು ರೋಸಲಿಯ ಕಡೆ ತಿರುಗಿ, "ಅಷ್ಟು ದೊಡ್ಡ ಕೆಲಸದಲ್ಲಿದ್ರೂ ತಾಯಿ ಸೇವೆಗೆ ಬರ್ತಿದ್ರಂತಲ್ಲ. ಅಂಥ ತಮ್ಮ ಸಿಗೋಕೆ ಪುಣ್ಯ ಮಾಡಿರ್ಬೇಕು," ಎಂದಳು.

ಹಳಬರಲ್ಲಿ ಯಾರೂ ಅವಳನ್ನು ತಿದ್ದಲಿಲ್ಲ. ಒಬ್ಬಳು ಹಿಟ್ಟು ಕೇಳಿದಳು, ಇನ್ನೊಬ್ಬಳು ಕೊಟ್ಟಳು. ಹೆಚ್ಚು ಕಡಿಮೆ ಪ್ರತಿ ಮನೆಯಲ್ಲೂ ಕೊಳವೆ ಸಿಕ್ಕಿಸಿದ ಒಂದು ಮೂಗಿತ್ತು. ರೋಸಲಿ, "ಹೂಂ," ಎಂದಳು.

ಎಲ್ಲರೂ ಹೋದ ಮೇಲೆ ಅವಳೂ ಥೆಲ್ಮಾಳೂ ಪಾತ್ರೆ ತೊಳೆಯಲು ಉಳಿದರು. ಥೆಲ್ಮಾ ತೊಳೆದು ಕೊಟ್ಟದ್ದನ್ನು ರೋಸಲಿ ಒರೆಸಿಟ್ಟಳು.

"ನನ್ನ ಮೇಲೆ ಕೋಪಾನಾ?" ಎಂದು ಕೊನೆಗೆ ಥೆಲ್ಮಾ ಕೇಳಿದಳು.

"ಇಲ್ಲ."

"ನೀನು ನಡೆದೆ, ನಾನು ಹೇಳ್ದೆ. ನಮ್ಮ ಮೈಕನ ಎದೆನೂ ವಾಲ್ಟನ ಎದೆ ಥರಾನೇ ಅಲ್ವಾ. ಬೇರೆ ಏನು ಹೇಳ್ಲಿ?"

"ಗೊತ್ತು. ನಿನ್ನ ಜಾಗದಲ್ಲಿದ್ರೆ ನಾನೂ ಅದನ್ನೇ ಹೇಳ್ತಿದ್ದೆ." ರೋಸಲಿ ಕೈ ಒರೆಸಿಕೊಂಡು ಬೆಂಚಿನ ಮೇಲೆ ಕೂತಳು. ಗೆಲ್ಲಲಿ, ಎಂದು ಅವಳು ಮನಸಾರೆ ಹಾರೈಸುತ್ತಿದ್ದಳು. ಅಂದರೆ ಅವನು ಪದವಿಯಲ್ಲಿರುವ ಎಂಟು ವರ್ಷವೂ ಇದೇ ಮಾತು, ಬಹುಶಃ ಅವಳು ಸತ್ತ ಮೇಲೂ ಇದೇ. "ಥೆಲ್ಮಾ, ಒಂದೇ ಒಂದ್ಸಲ ನನಗೆ ಹೇಳು. ಅಮ್ಮನ್ನ ಯಾರು ನೋಡ್ಕೊಂಡಿದ್ದು?"

ಥೆಲ್ಮಾ ನಲ್ಲಿ ನಿಲ್ಲಿಸಿದಳು. ಅವಳ ಹತ್ತಿರ ಬಂದು ಕೂತು, ಒದ್ದೆ ಕೈಯಿಂದಲೇ ಅವಳ ಕೈ ಹಿಡಿದುಕೊಂಡಳು. ಹೇಳುವ ಮುಂಚೆ ಒಮ್ಮೆ ತಿರುಗಿ, ಮೆಟ್ಟಿಲ ಮೇಲೆ ಯಾರಾದರೂ ಇದ್ದಾರೋ ಎಂದು ನೋಡಿದಳು.

"ನೀನು," ಎಂದಳು ಪಿಸುದನಿಯಲ್ಲಿ.