ಬಲಕ್ಕೆ ಒಂದೇ ಅಂಕ

ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಚಿಕ್ಕವರು ದೊಡ್ಡವರು ಎಲ್ಲರಿಗೂ ಅವಳು ಬಂಡೆಕ್ಕ. ಆರಡಿಗೆ ಎರಡೇ ಬೆರಳು ಕಮ್ಮಿ ಎತ್ತರ, ನೂರಾ ಹದಿನೆಂಟು ಕಿಲೋ ತೂಕ. ಅಪ್ಪ ಬಿಟ್ಟುಹೋದ ಮಾಂಸದ ಅಂಗಡಿಯಲ್ಲಿ ಇಡೀ ಕುರಿಯನ್ನು ಕೊಕ್ಕೆಯಿಂದ ಒಂದೇ ಕೈಯಲ್ಲಿ ಇಳಿಸಿ ಕೊರಡಿನ ಮೇಲೆ ಹಾಕಿದಳೆಂದರೆ ಸರದಿಯಲ್ಲಿ ನಿಂತವರು ಮಾತು ನಿಲ್ಲಿಸುತ್ತಿದ್ದರು. ಚೌಕಾಸಿಯ ಮಾತಂತೂ ಯಾರ ಬಾಯಲ್ಲೂ ಬರುತ್ತಿರಲಿಲ್ಲ.

ಆ ಮೈಯನ್ನು ಮೊದಲು ಕೆಲಸಕ್ಕೆ ಹಚ್ಚಿದವಳು ಅವಳ ಅಮ್ಮ. ಬಂಡೆಕ್ಕನಿಗೆ ಆಗ ಹನ್ನೊಂದು. ಪಕ್ಕದ ಮನೆಯ ಹುಡುಗ ತಂಗಿಯ ಜಡೆ ಹಿಡಿದು ಎಳೆದನೆಂದು ಅಮ್ಮ, "ಹೋಗೇ, ಕೊಟ್ಟು ಬಾ ಎರಡು" ಅಂದಳು. ಹೋದಳು, ಕೊಟ್ಟಳು. ಹುಡುಗನ ಮುಂದಿನ ಎರಡು ಹಲ್ಲು ಮಣ್ಣಿಗೆ ಬಿದ್ದವು. ಬೆರಳ ಸಂದಿಯಿಂದ ರಕ್ತ ಸೋರುತ್ತಿದ್ದರೂ ಅವನು ಅಳುವುದನ್ನೇ ಮರೆತು ನಿಂತಿದ್ದ. ಅವಳು ತಿರುಗಿ ನೋಡಿದರೆ ಬಾಗಿಲಲ್ಲಿ ಅಮ್ಮ ನಗುತ್ತಿದ್ದಳು. ಅವತ್ತು ಊಟಕ್ಕೆ ಕೂತಾಗ ದೊಡ್ಡ ತುಂಡು ಬಂಡೆಕ್ಕನ ತಟ್ಟೆಗೆ ಬಿತ್ತು.

ಅಲ್ಲಿಂದ ಮುಂದೆ ಮನೆಯ ಜಗಳವೆಲ್ಲ ಅವಳ ಪಾಲಿಗೇ ಬಂತು. ಚಿಕ್ಕಪ್ಪನ ಜೊತೆ ಗೋಡೆಯ ತಕರಾರಾದಾಗ ಚಿಕ್ಕಪ್ಪನ ಮಗನ ಭುಜದ ಮೂಳೆ ಮುರಿದಳು. ಅಂಗಡಿಯ ಮುಂದೆ ಕುಡಿದು ಬಂದು ಅಪ್ಪನನ್ನು ಬೈದವನನ್ನು ಕೊರಳಪಟ್ಟಿ ಹಿಡಿದು ಚರಂಡಿಗೆ ಎಸೆದಳು. "ನಮ್ಮನೆಗೆ ನಾಯಿ ಯಾಕೆ, ಇವಳಿಲ್ವಾ?" ಎಂದು ಅಮ್ಮ ನೆಂಟರ ಮುಂದೆ ಹೇಳಿದಾಗಲೆಲ್ಲ ಎಲ್ಲರೂ ನಗುತ್ತಿದ್ದರು. ಬಂಡೆಕ್ಕನೂ ನಗುತ್ತಿದ್ದಳು, ನಗದೆ ಇನ್ನೇನು ಮಾಡುವುದು.

ತಂಗಿಯನ್ನು ಮದುವೆಯಾದವನು ಟಯರ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ನೋಡಲು ಸಾಧು. ಮಗಳು ಹುಟ್ಟಿ ಐದು ವರ್ಷ ಕಳೆದ ಮೇಲೆ ಒಂದು ದಿನ ತಂಗಿ ತುಟಿ ಒಡೆದುಕೊಂಡು ಬಂದಳು. ಅಮ್ಮ ಬಂಡೆಕ್ಕನ ಕಡೆ ನೋಡಿದಳು, ಅಷ್ಟೇ ಸಾಕಾಯಿತು. ಬಂಡೆಕ್ಕ ಹೋಗಿ ಅವನನ್ನು ಮೆಟ್ಟಿಲಿನ ಮೇಲಿನಿಂದ ಉರುಳಿಸಿದಳು. ಅವನು ಬುಡದಲ್ಲಿ ಮುದುಡಿ ಬಿದ್ದು, "ತಪ್ಪಾಯ್ತು ಅತ್ತಿಗೆ, ತಪ್ಪಾಯ್ತು" ಎಂದು ಕೈ ಮುಗಿದ. ಅವಳು ಮನೆಗೆ ಬಂದು ಹೊಟ್ಟೆತುಂಬ ಉಂಡು ಮಲಗಿದಳು.

ನಾಲ್ಕು ತಿಂಗಳಾದ ಮೇಲೆ ತಂಗಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಬೆನ್ನು ತೋರಿಸಿದಳು. ಹಳೆಯ ಗಾಯ ಹಳದಿ, ಹೊಸದು ನೇರಳೆ, ಬಟ್ಟೆ ಮುಚ್ಚುವ ಜಾಗದಲ್ಲಿ ಮಾತ್ರ.

"ನೀನು ಅವನಿಗೆ ಕೊಟ್ಟ ಒಂದೊಂದು ಏಟಿಗೂ ಎರಡೆರಡು, ಅಕ್ಕ. ಎಣಿಸಿ ಹೊಡೀತಾನೆ. ದಯವಿಟ್ಟು ಇನ್ನೊಂದ್ಸಲ ಬರಬೇಡ."

ಬಂಡೆಕ್ಕನ ಕೈಗೆ ಅವತ್ತು ಕತ್ತಿ ಹಿಡಿಯಲು ಆಗಲಿಲ್ಲ. ಮಧ್ಯಾಹ್ನಕ್ಕೇ ಅಂಗಡಿಯ ಬಾಗಿಲು ಎಳೆದಳು.

ಅದೇ ವಾರ ದವಾಖಾನೆಯ ಕಾಂಪೌಂಡರ್, ಅವಳ ಹಳೆಯ ಗಿರಾಕಿ, ಅವಳನ್ನು ಆಟಕ್ಕೆ ಕರೆದ. "ಒಬ್ರು ಕಮ್ಮಿ ಬಿದ್ದಿದ್ದಾರೆ, ಭಾನುವಾರ ಬನ್ನಿ ಬಂಡೆಕ್ಕ. ಇಸ್ಪೀಟಲ್ಲ, ಕಥೆ ಆಡೋದು."

ಆಟ ನಡೆಯುತ್ತಿದ್ದದ್ದು ಪುಸ್ತಕಕ್ಕೆ ರಟ್ಟು ಹಾಕುವ ಬೈಂಡರನ ಕೋಣೆಯಲ್ಲಿ. ಅಂಟಿನ ವಾಸನೆ, ಗೋಡೆಯುದ್ದಕ್ಕೂ ಕಾಗದದ ಕಟ್ಟು, ನಡುವೆ ಒಂದು ಉದ್ದನೆಯ ಮೇಜು. ಬೈಂಡರ್ ಉಬ್ಬಸದ ಸಣಕಲು ಮನುಷ್ಯ, ಕಥೆ ನಡೆಸುವವನು ಅವನೇ. ಉಳಿದವರು ಒಬ್ಬೊಬ್ಬರೂ ಒಂದೊಂದು ಪಾತ್ರ ಕಟ್ಟಿಕೊಂಡು, ಆ ಪಾತ್ರ ಏನು ಮಾಡುತ್ತದೆಂದು ಬಾಯಲ್ಲಿ ಹೇಳಬೇಕು. ಅದು ಗೆದ್ದಿತೋ ಸತ್ತಿತೋ ಎಂಬುದನ್ನು ದಾಳ ಹೇಳುತ್ತದೆ. ಕಾಂಪೌಂಡರನದು ಎರಡು ಕತ್ತಿಯ ಯೋಧ. ಲಿಫ್ಟ್ ರಿಪೇರಿ ಮಾಡುವ ಹೆಂಗಸೊಬ್ಬಳಿದ್ದಳು, ಅವಳದು ಬೆಂಕಿ ಉಗುಳುವ ಮುದುಕಿ.

ಬೈಂಡರ್ ಬಂಡೆಕ್ಕನ ಮುಂದೆ ಒಂದು ಹಾಳೆ ಇಟ್ಟ. ಅವಳನ್ನು ನೋಡಿದ್ದೇ ತಡ, ಅರ್ಧ ಆಗಲೇ ತುಂಬಿಸಿಬಿಟ್ಟಿದ್ದ. ಎತ್ತರ ಏಳಡಿ. ಆಯುಧ ಕೊಡಲಿ. ಬಲ ಹತ್ತು.

"ಹಂಚೋಕೆ ಒಟ್ಟು ಇಪ್ಪತ್ತು ಅಂಕ," ಅಂದ. "ಬಲ, ಚುರುಕು, ತಾಳಿಕೆ, ಬುದ್ಧಿ. ಬಲಕ್ಕೆ ನಾನೇ ಹಾಕಿದ್ದೀನಿ. ಕೆಳಗೆ ಒಂದು ಒಳ್ಳೇ ಗುಣ, ಒಂದು ಕೆಟ್ಟ ಗುಣ, ಒಂದು ಭಯ ಬರೀರಿ."

"ರಬ್ಬರ್ ಇದೆಯಾ?" ಬಂಡೆಕ್ಕ ಕೇಳಿದಳು.

ಅವಳು ಎಲ್ಲವನ್ನೂ ಅಳಿಸಿದಳು. ಹಾಳೆ ಹರಿಯುವಷ್ಟು ಅಳಿಸಿ, ಮೇಲೆ ದಪ್ಪ ಅಕ್ಷರದಲ್ಲಿ ಬರೆದಳು. ಎತ್ತರ ನಾಲ್ಕಡಿ. ತೂಕ ಮೂವತ್ತೆರಡು ಕಿಲೋ. ತೋಳು ಜೋಳದ ದಂಟಿನಷ್ಟು, ಕಿಟಕಿಯ ಸರಳಿನ ನಡುವೆ ನುಸುಳುವ ಮೈ. ಬಲ ಒಂದು, ಚುರುಕು ಹತ್ತು, ತಾಳಿಕೆ ಎರಡು, ಬುದ್ಧಿ ಏಳು. ಒಳ್ಳೆಯ ಗುಣ, ಬೇಗ ಕ್ಷಮೆ ಕೇಳುತ್ತಾಳೆ. ಕೆಟ್ಟ ಗುಣ, ಹೇಡಿ. ಭಯ, ರಕ್ತ. ಹೆಸರು ಕಡ್ಡಿ.

ಲಿಫ್ಟಿನವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ದಿನಾ ನಾಲ್ಕು ಕುರಿ ಕಡಿಯೋ ಕೈಗೆ ರಕ್ತದ ಭಯವಾ?"

"ಕೈ ನಂದು. ಭಯ ಕಡ್ಡಿದು," ಎಂದಳು ಬಂಡೆಕ್ಕ.

ಒಂದೂವರೆ ವರ್ಷ ಅವಳು ಒಂದು ಭಾನುವಾರವನ್ನೂ ಬಿಡಲಿಲ್ಲ. ಆ ಆಟದಲ್ಲಿ ರಕ್ತಕ್ಕೇನೂ ಬರವಿರಲಿಲ್ಲ. ಉಪ್ಪಿನ ಗಣಿಯ ಕೋಟೆಯಲ್ಲಿ ಕಾಂಪೌಂಡರನ ಯೋಧನ ತೋಳು ಮೊಣಕೈಗೆ ಕಡಿದು ಬಿತ್ತು. ಸೇತುವೆಯ ಮೇಲೆ ಮುದುಕಿ ಹನ್ನೆರಡು ಜನರನ್ನು ನಿಂತ ನಿಲುವಿನಲ್ಲಿ ಸುಟ್ಟಳು, ಅವರ ಕೂದಲು ಉರಿಯುವ ಚಟಪಟ ಸದ್ದನ್ನೂ ಬೈಂಡರ್ ಬಿಡದೆ ಹೇಳಿದ. ಅಂಥ ಹೊತ್ತಿನಲ್ಲೆಲ್ಲ ಬಂಡೆಕ್ಕ, "ಕಡ್ಡಿ ಓಡ್ತಾಳೆ" ಅನ್ನುತ್ತಿದ್ದಳು. ಮೇಜಿನ ಕೆಳಗೆ, ಚರಂಡಿಯ ಒಳಗೆ, ಹೆಣಗಳ ನಡುವೆ, ಎಲ್ಲಿ ಸಂದಿಯಿದೆಯೋ ಅಲ್ಲಿ. ಕಡ್ಡಿಗೆ ಯಾರೂ, "ಹೋಗು, ಕೊಟ್ಟು ಬಾ" ಅನ್ನುತ್ತಿರಲಿಲ್ಲ. ಅಂದರೂ ಏನು ಪ್ರಯೋಜನ? ಬಂಡೆಕ್ಕ ಸೋಮವಾರ ಬೆಳಿಗ್ಗೆ ಹಗುರಾಗಿ ಏಳುತ್ತಿದ್ದಳು.

ಅಂಥದೇ ಒಂದು ಸೋಮವಾರ ತಂಗಿ ಅಂಗಡಿಗೆ ಬಂದಳು. ಬಲ ಮಣಿಕಟ್ಟು ಕುಂಬಳದಂತೆ ಊದಿತ್ತು. ಮಾಂಸಕ್ಕೆ ಬಂದಿದ್ದ ಕಾಂಪೌಂಡರ್ ಮುಟ್ಟಿ ನೋಡಿ, "ಎರಡು ಮೂಳೆ ಮುರಿದಿದೆ" ಎಂದಷ್ಟೇ ಹೇಳಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಪಟ್ಟಿ ಕಟ್ಟಿಸಿಕೊಂಡು ತಂಗಿ ತನ್ನ ಮನೆಗೇ ವಾಪಸು ಹೋದಳು. ಮಗಳು ಶಾಲೆಯಿಂದ ಬರುವ ಹೊತ್ತಾಗಿತ್ತು.

ಅಮ್ಮನಿಗೆ ಸುದ್ದಿ ಮುಟ್ಟಿತು. "ಇನ್ನೂ ಕೂತಿದ್ಯಾ? ಹೋಗು, ಅವನ ಎರಡೂ ಕೈ ಮುರಿದು ಬಾ."

"ಹೋಗ್ತೀನಿ, ನಾಳೆ," ಎಂದಳು ಬಂಡೆಕ್ಕ. ಮುರಿಯುತ್ತೇನೆ ಅನ್ನಲಿಲ್ಲ.

ಮಂಗಳವಾರ ಅಂಗಡಿಗೆ ರಜೆ. ತಂಗಿಯ ಗಂಡ ಕೆಲಸಕ್ಕೆ ಹೋದ ಮೇಲೆ, ಬೆಳಿಗ್ಗೆ ಹನ್ನೊಂದಕ್ಕೆ ಅವಳು ತಂಗಿಯ ಮನೆಯ ಮೂರನೇ ಮಹಡಿ ಹತ್ತಿದಳು. ಮಗಳಿಗೆ ಜ್ವರವೆಂದು ಶಾಲೆಗೆ ಕಳಿಸಿರಲಿಲ್ಲ.

"ಎರಡು ಜೊತೆ ಬಟ್ಟೆ ತಗೋ. ನಡಿ," ಎಂದಳು.

ತಂಗಿ ಇಲ್ಲ ಅಂದಳು, ಆಮೇಲೆ ಅತ್ತಳು, ಆಮೇಲೆ ಒಂದೇ ಕೈಯಲ್ಲಿ ಚೀಲ ತುಂಬತೊಡಗಿದಳು. ಅಷ್ಟರಲ್ಲಿ ಎದುರು ಮನೆಯವನು ಟಯರ್ ಅಂಗಡಿಗೆ ಫೋನ್ ಮಾಡಿದ್ದ, ನಿಮ್ಮ ಅತ್ತಿಗೆ ಬಂದಿದ್ದಾರೆ ನೋಡಿ ಎಂದು. ಚೀಲದ ಬಾಯಿ ಕಟ್ಟುವ ಹೊತ್ತಿಗೆ ಅವನು ಬಾಗಿಲಲ್ಲಿದ್ದ. ಕೈಯಲ್ಲಿ ಟಯರ್ ಕಳಚುವ ಕಬ್ಬಿಣದ ಸಲಾಕೆ.

ಈ ಸಲ ಅತ್ತಿಗೆ ಎಂದು ಕರೆಯಲಿಲ್ಲ, ಮಾತೇ ಆಡಲಿಲ್ಲ. ಮೊದಲ ಏಟು ಬಂಡೆಕ್ಕನ ಎಡ ಭುಜಕ್ಕೆ ಬಿತ್ತು. ಹಸಿ ಮೂಳೆ ಒಡೆಯುವ ಸದ್ದು ಅವಳಿಗೆ ಹೊಸದಲ್ಲ, ಆದರೆ ಅದು ತನ್ನ ಮೈಯೊಳಗಿಂದ ಕೇಳಿದ್ದು ಅದೇ ಮೊದಲು. ಎರಡನೆಯ ಏಟು ಏಳುವ ಮುಂಚೆ ಅವಳ ಬಲಗೈ ಅವನ ಗಂಟಲು ಹಿಡಿದಿತ್ತು. ಎತ್ತಿ ಗೋಡೆಗೆ ಒತ್ತಿದಳು. ಗಾರೆ ಉದುರಿ ಅವನ ತಲೆಯ ಮೇಲೆ ಬಿತ್ತು. ಸಲಾಕೆ ನೆಲಕ್ಕೆ ಉರುಳಿತು. ಅವನ ಹಿಮ್ಮಡಿಗಳು ಗೋಡೆಗೆ ಟಕ್ ಟಕ್ ಎಂದು ಬಡಿಯತೊಡಗಿದವು, ಕಣ್ಣು ಹೊರಕ್ಕೆ ಬಂದವು, ಉಗುರುಗಳು ಅವಳ ಮುಂಗೈಯ ಚರ್ಮ ಸುಲಿದವು. ಇನ್ನು ಹತ್ತು ಎಣಿಸಿದರೆ ಮುಗಿಯಿತು ಎಂದು ಅವಳಿಗೆ ಗೊತ್ತಿತ್ತು. ಅದು ಎಷ್ಟು ಸಲೀಸೆಂದೂ ಗೊತ್ತಿತ್ತು, ಒಳಗೆಲ್ಲೋ ಸುಖವೂ ಆಗುತ್ತಿತ್ತು.

ಆಗ ಅವಳ ಕಣ್ಣು ಮಗುವಿನ ಮೇಲೆ ಬಿತ್ತು. ಮಂಚದ ಕಾಲು ಹಿಡಿದು ನಿಂತಿತ್ತು, ಏಳು ವರ್ಷದ್ದು. ಅಳುತ್ತಿರಲಿಲ್ಲ. ಅಪ್ಪನ ಮುಖ ಕಪ್ಪಾಗುವುದನ್ನು ನೋಡುತ್ತ ನಗುತ್ತಿತ್ತು, ಥೇಟ್ ಅದರ ಅಜ್ಜಿಯ ನಗು.

ಬಂಡೆಕ್ಕನ ಬೆರಳು ತಾವಾಗಿಯೇ ಸಡಿಲಾದವು.

ಅವನು ಚೀಲ ಬಿದ್ದಂತೆ ಬಿದ್ದು ಕೆಮ್ಮತೊಡಗಿದ. ಅವಳು ಮಗುವನ್ನು ಬಲಗೈಯಲ್ಲಿ ಬಾಚಿಕೊಂಡು, ತಂಗಿಯನ್ನು ತನ್ನ ಹೊಟ್ಟೆಯಿಂದಲೇ ಬಾಗಿಲಾಚೆ ದೂಡಿದಳು. "ಓಡು. ಹಿಂದೆ ನೋಡ್ಬೇಡ. ಓಡು ಅಂದ್ರೆ ಓಡೇ!"

ಮೆಟ್ಟಿಲು ಕಿರಿದಾಗಿತ್ತು. ಮುಂದೆ ತಂಗಿ, ಹಿಂದೆ ಮಗುವನ್ನೆತ್ತಿಕೊಂಡ ಬಂಡೆಕ್ಕ. ಒಂದು ಮಹಡಿ ಇಳಿಯುವಷ್ಟರಲ್ಲಿ ಅವನು ಸಲಾಕೆ ಹಿಡಿದು ಬಂದೇಬಿಟ್ಟ. ಆದರೆ ದಾಟಿ ಹೋಗಲು ಜಾಗವೆಲ್ಲಿ? ಗೋಡೆಯಿಂದ ಕಟಕಟೆಯವರೆಗೆ ಅವಳ ಬೆನ್ನೇ ತುಂಬಿತ್ತು. ಅವನು ಆ ಬೆನ್ನಿಗೇ ಹೊಡೆದ. ಪಕ್ಕೆಲುಬು ಮುರಿಯಿತು, ಉಸಿರು ಸಿಕ್ಕಿಕೊಂಡಿತು. ಮತ್ತೆ ಹೊಡೆದ. ಕಿವಿಯ ಹಿಂದೆ ಬಿಸಿಯಾಗಿ ಏನೋ ಹರಿದು ಮಗುವಿನ ಕೆನ್ನೆಯ ಮೇಲೆ ತೊಟ್ಟಿಕ್ಕಿತು. ತಿರುಗಿ ಒಂದೇ ಒಂದು ಗುದ್ದು ಕೊಟ್ಟಿದ್ದರೆ ಅವನು ಅಲ್ಲೇ ಮಲಗುತ್ತಿದ್ದ. ಅವಳು ತಿರುಗಲಿಲ್ಲ. ಮಗುವಿನ ತಲೆಯನ್ನು ಕುತ್ತಿಗೆಗೆ ಒತ್ತಿಕೊಂಡು, ಒಂದೊಂದೇ ಮೆಟ್ಟಿಲು ಹುಡುಕುತ್ತ ಇಳಿದಳು. ಏಳು ಏಟು ಬಿದ್ದವೆಂದು ಆಮೇಲೆ ತಂಗಿ ಪೊಲೀಸರಿಗೆ ಹೇಳಿದಳು.

ಬೀದಿಗೆ ಬಂದಾಗ ಬಟ್ಟೆ ಒಗೆಯುವ ಅಂಗಡಿಯವರು, ಹಾಲಿನ ಗಾಡಿಯವನು ಎಲ್ಲರೂ ಓಡಿಬಂದರು. ಜನ ಸೇರಿದ್ದು ಕಂಡು ಅವನು ಸಲಾಕೆ ಬಿಸಾಕಿ, "ನನ್ನನ್ನೇ ಕೊಲ್ಲೋಕೆ ಬಂದಿದ್ಲು, ಕುತ್ತಿಗೆ ನೋಡಿ" ಎಂದು ಕೂಗಿದ. ಯಾರೂ ಅವನ ಕುತ್ತಿಗೆ ನೋಡಲಿಲ್ಲ. ಅವರೆಲ್ಲ ನೋಡುತ್ತಿದ್ದದ್ದು ಬಂಡೆಕ್ಕನ ಬೆನ್ನನ್ನು. ಅವಳು ಮಗುವನ್ನು ತಂಗಿಯ ಪಕ್ಕ ಜೋಪಾನವಾಗಿ ಇಳಿಸಿ, ಆಮೇಲೆ ಬಿದ್ದಳು.

ಆಸ್ಪತ್ರೆಯಲ್ಲಿ ಹತ್ತೊಂಬತ್ತು ದಿನ. ಭುಜಕ್ಕೆ ತಗಡು, ತಲೆಗೆ ಹದಿಮೂರು ಹೊಲಿಗೆ. ಅಮ್ಮ ಬಂದು ಮಂಚದ ಪಕ್ಕ ಕೂತಳು.

"ಕೈಗೆ ಸಿಕ್ಕವನನ್ನ ಬಿಟ್ಟು ಓಡಿ ಬಂದ್ಯಂತೆ? ಇಷ್ಟು ಮೈ ಇಟ್ಕೊಂಡು?"

"ಹ್ಞೂಂ ಅಮ್ಮ."

"ಬೀದೀಲಿ ತಲೆ ಎತ್ತೋ ಹಾಗಿಲ್ಲ ನಾನು."

"ತಗ್ಗಿಸ್ಕೊಂಡೇ ಓಡಾಡು," ಎಂದಳು ಬಂಡೆಕ್ಕ. ಅಮ್ಮನಿಗೆ ಎದುರಾಡಿದ್ದು ಅದೇ ಮೊದಲು. ಅಮ್ಮ ಎದ್ದು ಹೋದಳು. ಆಮೇಲೆ ಒಂದೇ ಮನೆಯಲ್ಲಿದ್ದೂ ಐದು ತಿಂಗಳು ಮಾತಿಲ್ಲ.

ಬೈಂಡರನೂ ಬಂದಿದ್ದ, ಮೂಸಂಬಿ ಹಿಡಿದುಕೊಂಡು. "ನಮ್ಮ ಕಡ್ಡಿ ಕೆಲಸಕ್ಕೆ ಬಂದ್ಲು ನೋಡಿ," ಎಂದು ಹಲ್ಲು ಕಿರಿದ.

ಬಂಡೆಕ್ಕನಿಗೆ ರೇಗಿತು. "ಕಡ್ಡಿ ಆಗಿದ್ದಿದ್ರೆ ಮೊದಲನೇ ಏಟಿಗೇ ಹೆಣ ಆಗಿರೋಳು, ಹಿಂದೇನೇ ಮಗೂನೂ ಹೋಗಿರೋದು. ಏಟು ತಿಂದಿದ್ದು ಇದು," ಎಂದು ಪಟ್ಟಿ ಸುತ್ತಿದ ಎದೆಯನ್ನು ತಟ್ಟಿಕೊಳ್ಳಲು ಹೋಗಿ ನೋವಿಗೆ ಮುಖ ಹಿಂಡಿದಳು. ಬೈಂಡರ್ ಮೂಸಂಬಿ ಸುಲಿಯತೊಡಗಿದ.

ತಂಗಿಯ ಗಂಡನಿಗೆ ಮೂರು ವರ್ಷ ಜೈಲಾಯಿತು. ಕುತ್ತಿಗೆಯ ಗುರುತು ತೋರಿಸಿ ವಕೀಲ ಬಹಳ ಕೂಗಾಡಿದನಾದರೂ, ಮೆಟ್ಟಿಲಿನ ಏಳು ಏಟೂ ಹಿಂದಿನಿಂದಲೇ ಬಿದ್ದದ್ದರಿಂದ ನ್ಯಾಯಾಧೀಶರು ಕೇಳಲಿಲ್ಲ. ತಂಗಿ, ಮಗಳು ಬಂಡೆಕ್ಕನ ಮನೆಗೇ ಬಂದರು. ಬಂಡೆಕ್ಕನ ಎಡಗೈ ಭುಜದಿಂದ ಮೇಲೇಳುವುದಿಲ್ಲ, ಕುರಿ ಇಳಿಸಲು ಈಗ ಆಳು ಬೇಕು. ತಂಗಿ ತಕ್ಕಡಿಯ ಮುಂದೆ ಕೂರುತ್ತಾಳೆ, ಮಾತು ಕಮ್ಮಿ.

ಒಂದು ಭಾನುವಾರ ಅವಳೇ ಕೇಳಿದಳು, "ನಿನ್ನ ಆಟಕ್ಕೆ ನಾನೂ ಬರ್ಲಾ ಅಕ್ಕ?"

ಬೈಂಡರ್ ಹೊಸ ಹಾಳೆ ಕೊಟ್ಟ. ತಂಗಿಯ ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತ್ತು, ಆದ್ದರಿಂದ ಬರೆಯಲು ಬಹಳ ಹೊತ್ತು ಹಿಡಿಯಿತು. ಎತ್ತರ ಎಂಟಡಿ. ಮೈ ಕಗ್ಗಲ್ಲು, ಮುಷ್ಟಿ ಒರಳಿನಷ್ಟು. ಬಲ ಹತ್ತು, ತಾಳಿಕೆ ಹತ್ತು. ಉಳಿದದ್ದಕ್ಕೆ ಸೊನ್ನೆ. ಒಳ್ಳೆಯ ಗುಣ ಎಂಬಲ್ಲಿ ಗೆರೆ ಎಳೆದಳು. ಕೆಟ್ಟ ಗುಣ ಎಂಬಲ್ಲಿ, ಬಿಡುವುದಿಲ್ಲ. ಭಯ ಎಂಬಲ್ಲಿ, ಇದ್ದದ್ದು ಮುಗಿಯಿತು.

ಅವತ್ತಿನ ಕಥೆಯಲ್ಲಿ ಕಾವಲುಗಾರನೊಬ್ಬ ಈಟಿ ಕೆಳಗಿಟ್ಟು ಶರಣು ಬಂದ. ಬೈಂಡರ್ ಅವನ ಬಾಯಲ್ಲಿ ಹೇಳಿದ, "ತಪ್ಪಾಯ್ತು ತಾಯಿ, ಬಿಟ್ಟುಬಿಡಿ."

"ಅವನ ಮಣಿಕಟ್ಟು ಮುರೀತೀನಿ," ತಂಗಿ ಹೇಳಿದಳು. "ಬಲಗೈದು. ಆಮೇಲೆ ಎಡಗೈದು. ಎಣಿಸ್ತಾ ಹೊಡೀತೀನಿ."

ಕಾಂಪೌಂಡರ್ ಕನ್ನಡಕ ತೆಗೆದು ಒರೆಸತೊಡಗಿದ. ಲಿಫ್ಟಿನವಳು ತಲೆ ತಗ್ಗಿಸಿದಳು. ಬೈಂಡರ್ ಏನು ಮಾಡಲಿ ಎಂಬಂತೆ ಬಂಡೆಕ್ಕನನ್ನು ನೋಡಿದ. ಬಂಡೆಕ್ಕ ತಂಗಿಯ ಮುಖ ನೋಡಿದಳು. ಆ ಮುಖದಲ್ಲಿ ನಗುವಿರಲಿಲ್ಲ, ಕಣ್ಣಿನಿಂದ ನೀರು ಇಳಿದು ಹಾಳೆಯ ಮೇಲೆ ಬೀಳುತ್ತಿತ್ತು.

"ಹೊಡೀಲಿ ಬಿಡಿ," ಎಂದಳು ಬಂಡೆಕ್ಕ, ತಂಗಿಯ ಕಡೆಗೆ ದಾಳ ಸರಿಸುತ್ತ. "ಅವಳಿಗೆ ಸಾಕಾಗೋವರೆಗೂ ಹೊಡೀಲಿ. ಇಲ್ಲಿ ಯಾರೂ ಸಾಯಲ್ಲ."